ಲಕ್ಷಬತ್ತಿಯ ಸೇನೆ ಮತ್ತು ಒಂದೂವರೆ ಇಂಚಿನ ಮೊಳೆ

ಕೇಳ್ರಪ್ಪಾ, ಕೇಳ್ರಮ್ಮಾ, ಸಕಲ ಪಿನ್‌ಕೋಡ್‌ವಾಸಿಗಳೇ. ಮೂರು ಯುಗ ಮುಗಿದು, ನಾಲ್ಕನೇದರ ಹೊಟ್ಟೆಯೊಳಗೆ ಪಾರ್ಸೆಲ್‌ಯುಗ ಅನ್ನೋ ಮರಿಯುಗ ಹುಟ್ಟಿ, ಜನ ಅಂಗಡಿಗೆ ಹೋಗೋದು ಬಿಟ್ಟು ಅಂಗಡಿಯೇ ಜನರ ಅಂಗೈಗೆ ಬಂದು ಕೂತ ಕಾಲದಲ್ಲಿ, ತುಮಕೂರೆಂಬ ಮಹಾನಗರಿಯ ಒಂದು ಮೂರನೇ ಅಡ್ಡರಸ್ತೆಯಲ್ಲಿ, ಪಿಸ್ತಾಹಸಿರು ಬಣ್ಣದ ಮನೆಯ ಮೊದಲನೇ ಮಹಡಿಯಲ್ಲಿ, ಬಾಗಿಲ ಪಕ್ಕದ ಗೋಡೆಗೋಸ್ಕರ ನಡೆದ ಘನಘೋರ ಸಮರದ ಕಥೆ ಇದು. ಹೇ ಓಟಿಪಿ ದೇವಿ, ಷಡಂಕರೂಪಿಣಿ, ಕ್ಷಣಭಂಗುರಜೀವಿನಿ, ನೆಟ್‌ವರ್ಕಾಂತರಾಳಸಂಚಾರಿಣಿ, ಕರೆದಾಗ ಬಾರದೆ ಕರೆಯದಾಗ ಮೂರು ಮೂರು ಸಲ ಬರುವ ಲೀಲಾವಿನೋದಿನಿ, ಕಥೆ ಮುಗಿಯೋವರೆಗೂ ಟೈಮ್‌ಔಟ್ ಆಗದ ಹಾಗೆ ನೋಡ್ಕೋ ತಾಯಿ.

ಆ ಮಹಡಿಯಲ್ಲಿ ಬಾಡಿಗೆಗಿದ್ದವಳು ಶಾಂಭವಿ. ಕಾರ್ಪಾಸಕುಲೋದ್ಧಾರಿಣಿ, ಅಂಗುಷ್ಠತರ್ಜನೀಘರ್ಷಣಧುರಂಧರೆ, ವಿಭೂತಿಧೂಸರಾಂಗುಲಿವಿಲಾಸಿನಿ. ಅರ್ಥ ಏನಂದ್ರೆ, ಬತ್ತಿ ಹೊಸೀತಿದ್ಲು. ಹತ್ತಿಯ ಎಳೆ ತಗೊಂಡು, ಬೆರಳಿಗೆ ಚಿಟಿಕೆ ವಿಭೂತಿ ಮುಟ್ಟಿಸ್ಕೊಂಡು, ಒಂದು ತಿರುವು ತಿರುವಿದ್ಲು ಅಂದ್ರೆ ದೀಪದ ಬತ್ತಿ ರೆಡಿ. ಟೀವಿಯಿಂದ ಕಣ್ಣು ಕೂಡ ತೆಗೀತಿರಲಿಲ್ಲ. ಹೀಗೆ ಮೂರು ತಿಂಗಳು ಹೊಸೆದು ಹೊಸೆದು ಆಕೆ ಒಂದು ಸೇನೆ ಕಟ್ಟಿದ್ಲು. ಶ್ವೇತಾಂಬರಧಾರಿಗಳು, ತನ್ವಂಗರು, ಉರಿಯೋಕೆ ಸನ್ನದ್ಧರು. ಎಷ್ಟು ಜನ ಅಂತೀರಾ? ಒಂದು ಲಕ್ಷ. ಮಂಚದ ಕೆಳಗೆ, ಎಂಟು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳೆಂಬ ಶಿಬಿರಗಳಲ್ಲಿ, ಉಸಿರು ಬಿಗಿಹಿಡಿದು ಕಾಯ್ತಿದ್ರು.

ಕಾಯ್ತಿದ್ದಿದ್ದು ಪುಣೆಗೆ ಹೊರಡೋಕೆ. ಅಲ್ಲಿ ಕುಮುದಿನಿಬಾಯಿ ಅಂತ ಒಬ್ಬ ಕನ್ನಡದ ಹೆಂಗಸು, ಮಗಳ ಕಣ್ಣಿನ ಆಪರೇಷನ್ ಚೆನ್ನಾಗಾದ್ರೆ ಕಾರ್ತಿಕದಲ್ಲಿ ಲಕ್ಷಬತ್ತಿ ಹಚ್ತೀನಿ ಅಂತ ಹರಕೆ ಹೊತ್ತಿದ್ರು. ಕಣ್ಣು ಚೆನ್ನಾಯ್ತು. ಆನ್‌ಲೈನ್ ಅಂಗಡಿಯಲ್ಲಿ ಶಾಂಭವಿಯ ಬತ್ತಿ ನೋಡಿ ಫೋನ್ ಮಾಡಿ, ಕಾರ್ತಿಕ ಹುಟ್ಟೋದ್ರೊಳಗೆ ತಲುಪಿದ್ರೆ ನಿಮ್ಮದೇ ತಗೋತೀನಿ, ಇಲ್ಲದಿದ್ರೆ ಇಲ್ಲೇ ಎಲ್ಲಾದ್ರೂ ನೋಡ್ತೀನಿ ಅಂದಿದ್ರು. ಶಾಂಭವಿಗೆ ರಾಜ್ಯದ ಗಡಿ ದಾಟೋ ಮೊದಲನೇ ಗಿರಾಕಿ. ಅಲ್ಲಿವರೆಗೂ ಆಕೆಯ ಕೀರ್ತಿ ದಾಬಸ್‌ಪೇಟೆ ದಾಟಿರಲಿಲ್ಲ.

ಆದ್ರೆ ಗಡಿಯಲ್ಲಿ ಒಬ್ಬ ಅಗೋಚರ ರಾಕ್ಷಸ ನಿಂತಿದ್ದ. ಸೈಟ್‌ನಲ್ಲಿ ಪುಣೆಯ ಪಿನ್‌ಕೋಡ್ ಒತ್ತಿದ್ರೆ ಸಾಕು, ಕೆಂಪಕ್ಷರದಲ್ಲಿ ಘರ್ಜಿಸ್ತಿದ್ದ: ರಾಜ್ಯದ ಒಳಗೆ ಮಾರ್ಕೋ, ಹೊರಗೆ ಕಳಿಸೋದಾದ್ರೆ ಜಿಎಸ್‌ಟಿ ನಂಬರ್ ಎಲ್ಲಿ? ಹದಿನೈದು ಅಕ್ಷರದ ಆ ಮಹಾಮಂತ್ರ ಸಿಗಬೇಕಾದ್ರೆ ಪೋರ್ಟಲ್‌ಗೆ ಅರ್ಜಿ ಹಾಕ್ಬೇಕು, ಮನೆ ಓನರ್ ಒಪ್ಪಿಗೆಪತ್ರ ಕೊಡ್ಬೇಕು, ಇಲಾಖೆಯೋರು ಬಂದು ಜಾಗ ನೋಡ್ಬೇಕು, ಸಿಕ್ಕಿದ ಮೇಲೆ ತಿಂಗಳು ತಿಂಗಳು ರಿಟರ್ನ್ ಅನ್ನೋ ವರದಿ ಒಪ್ಪಿಸ್ಬೇಕು.

ಶಾಂಭವಿ ಹೆದರಲಿಲ್ಲ. ಕರಕಾನನಕೇಸರಿ, ರಿಟರ್ನ್‌ರಣರಂಗಧೀರ ಫಣೀಂದ್ರನಿಗೆ ಫೋನ್ ಮಾಡಿದ್ಲು. ಈತ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿ ಮೇಲಿನ ಟ್ಯಾಕ್ಸ್ ಕನ್ಸಲ್ಟೆಂಟ್. ಮಾತಿನ ಮಧ್ಯೆ ಆತ, ಈಗಷ್ಟೇ ಗ್ರಾನೈಟ್ ಎಕ್ಸ್‌ಪೋರ್ಟ್ ಮಾಡೋರದ್ದು ಮುಗಿಸ್ದೆ ಮೇಡಂ, ನಿಮ್ದು ಏನು ಐಟಂ ಅಂತ ಕೇಳ್ದ. ಗ್ರಾನೈಟ್ ಪಕ್ಕದಲ್ಲಿ ಬತ್ತಿಯನ್ನ ಹೇಗೆ ಇಡೋದು? ಶಾಂಭವಿ, ಕಾಟನ್ ಹೋಮ್ ಡೆಕೋರ್ ಅಂದ್ಲು. ಆತ ಹಾಗೇ ಟೈಪ್ ಮಾಡ್ಕೊಂಡ. ಕಡೆಗೆ, ಬಾಗಿಲ ಹತ್ರ ಒಂದು ಬೋರ್ಡ್ ಇರಲಿ ಮೇಡಂ, ಇನ್‌ಸ್ಪೆಕ್ಟರ್ ಫೋಟೋ ತಗೋತಾರೆ, ಬೋರ್ಡ್ ಇಲ್ದೆ ನನ್ನ ಎರಡು ಅರ್ಜಿ ವಾಪಸ್ ಬಂದಿವೆ ಅಂತ ಸೇರಿಸ್ದ.

ಬೋರ್ಡ್ ಅರ್ಧ ದಿನದಲ್ಲಿ ತಯಾರಾಯ್ತು. ನೀಲಿ ಹಿನ್ನೆಲೆ, ಹಳದಿ ಅಕ್ಷರ: ಶಾಂಭವಿ ಕಾಟನ್ ಕ್ರಿಯೇಷನ್ಸ್. ಉಳಿದಿದ್ದು ಒಂದೇ, ಅದನ್ನ ಗೋಡೆಗೆ ತೂಗುಹಾಕೋದು.

ಇಲ್ಲಿ, ಸಕಲ ಪಿನ್‌ಕೋಡ್‌ವಾಸಿಗಳೇ, ಸ್ವಲ್ಪ ನೀರು ಕುಡಿದು ಕೂತ್ಕೊಳ್ಳಿ. ಯಾಕಂದ್ರೆ ಕೆಳಗಿನ ಮನೆಯಲ್ಲಿದ್ದವರು ಓನರ್ ಸರ್ವಮಂಗಳಮ್ಮ. ಅಚ್ಛಿದ್ರಭಿತ್ತಿಪರಿಪಾಲಿನಿ, ಕೀಲಕುಲಕಾಲಾಂತಕಿ, ದ್ವಾದಶವರ್ಷನಿರ್ಮೊಳೆವ್ರತಧಾರಿಣಿ. ಹನ್ನೆರಡು ವರ್ಷದಿಂದ ಆ ಮನೆಯ ಯಾವ ಗೋಡೆಯೂ ಮೊಳೆಯ ಮುಖ ನೋಡಿರಲಿಲ್ಲ. ಅಗ್ರಿಮೆಂಟ್‌ನಲ್ಲಿ ಬಾಡಿಗೆ ಎಷ್ಟು ಅನ್ನೋದಕ್ಕಿಂತ ಮೊದಲು ಬರ್ತಿದ್ದ ಸಾಲೇ ಮೊಳೆ ಹೊಡೆಯತಕ್ಕದ್ದಲ್ಲ ಅಂತ. ಹಾಗಾಗಿ ಶಾಂಭವಿಯ ಮನೇಲಿ ಗಡಿಯಾರ ಫ್ರಿಜ್ ಮೇಲೆ ಮಲಗಿತ್ತು, ಮದುವೆ ಫೋಟೋ ನೆಲದ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಕ್ಯಾಲೆಂಡರ್ ಸುತ್ತಿ ಇಟ್ಟಿರ್ತಿತ್ತು. ಏಕಾದಶಿ ಯಾವತ್ತು ಅಂತ ನೋಡೋಕೆ ಇಬ್ಬರು ಬೇಕು, ಒಬ್ಬರು ಹಿಡ್ಕೊಳ್ಳೋಕೆ, ಒಬ್ಬರು ಓದೋಕೆ.

ಒಪ್ಪಿಗೆಪತ್ರಕ್ಕೆ ಸರ್ವಮಂಗಳಮ್ಮ ಸುಲಭವಾಗಿ ಸಹಿ ಹಾಕಿದ್ರು. ಮೂರು ಸಲ ಓದಿ, ಮೊಳೆ ಅನ್ನೋ ಪದ ಎಲ್ಲೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡ ಮೇಲೆ. ಅದಾಗಿ ಎರಡನೇ ದಿನ ಶಾಂಭವಿ ಮೆಟ್ಟಿಲ ಹತ್ರ ಅವರ ಪಕ್ಕ ಕೂತ್ಕೊಂಡು, ಸರ್ಕಾರದ ಆಜ್ಞೆ, ಪುಣೆಯ ಗಿರಾಕಿ, ಕಾರ್ತಿಕಕ್ಕೆ ಉಳಿದಿದ್ದ ಹನ್ನೊಂದು ದಿನ, ಎಲ್ಲಾ ವಿಸ್ತಾರವಾಗಿ ವರ್ಣಿಸಿ, ಕಡೆಗೆ ಧ್ವನಿ ತಗ್ಗಿಸಿ ಒಂದೇ ಒಂದು ಮೊಳೆ ಅಂದ್ಲು.

ಸರ್ವಮಂಗಳಮ್ಮ ಸೊಪ್ಪು ಬಿಡಿಸ್ತಿದ್ದವರು ಸೊಪ್ಪು ಕೆಳಗಿಟ್ರು. ದಿಗ್ದಂತಿಗಳು ಕಿವಿ ನಿಮಿರಿಸಿದವು. ಎದುರು ಮನೆಯ ಮಿಕ್ಸಿ ನಿಂತಿತು.

"ನೋಡು ಶಾಂಭವಿ, ಈ ಗೋಡೆಗೆ ಇಪ್ಪತ್ತೊಂದು ದಿನ ನಾನೇ ನಿಂತು ನೀರು ಹಾಕ್ಸಿದೀನಿ. ನನ್ನ ಹೊಟ್ಟೇಲಿ ಹುಟ್ಟಿದ ಮಗಳು ಕನ್ನಡಿ ತೂಗುಹಾಕ್ತೀನಿ ಅಂದ್ಲು, ಬಿಡ್ಲಿಲ್ಲ. ಮದುವೆ ಆಗಿ ಹೋಗೋವರೆಗೂ ಒಂದು ಕೈಯಲ್ಲಿ ಕನ್ನಡಿ ಹಿಡ್ಕೊಂಡೇ ಬೈತಲೆ ತೆಗೆದ್ಲು. ಈಗ ನೀನು ಒಂದು ಅಂತೀಯ. ಮೊಳೆ ಯಾವತ್ತೂ ಒಂಟಿಯಾಗಿರಲ್ಲ ಕಣಮ್ಮ, ಸಂಸಾರ ಹೂಡುತ್ತೆ."

"ಆಂಟಿ, ಮೂರು ತಿಂಗಳು ಈ ಎರಡು ಬೆರಳು ಸವೆಸಿದೀನಿ. ತಿಂಗಳು ತಿಂಗಳು ಸರ್ಕಾರಕ್ಕೆ ವರದಿ ಒಪ್ಸೋಕೂ ರೆಡಿ ಇದೀನಿ. ಪುಣೆವರೆಗೂ ಹೋಗ್ಬೇಕಾದ ನನ್ನ ಹೆಸರು ನಿಮ್ಮ ಗೋಡೆಯ ಒಂದೂವರೆ ಇಂಚಲ್ಲಿ ಸಿಕ್ಕಾಕ್ಕೊಂಡಿದೆ."

"ನನ್ನ ಗೋಡೆ ಇರೋದೇ ನಾಲ್ಕೂವರೆ ಇಂಚು. ಅದ್ರಲ್ಲಿ ಮೂರನೇ ಒಂದು ಭಾಗ ನಿನಗೆ ಬಿಟ್ಕೊಡ್ಲಾ?"

ಈ ಗಣಿತಾಸ್ತ್ರ ತಗುಲಿ ಶಾಂಭವಿ ಮೆಟ್ಟಿಲು ಹತ್ತಿ ಮನೆ ಸೇರ್ಕೊಂಡ್ಲು. ಆ ದಿನದ ಯುದ್ಧ ಅಲ್ಲಿಗೆ ನಿಂತಿತು.

ಯುದ್ಧದ ಎರಡನೇ ದಿನ ಉಭಯಮುಖಾಂಟುಪಟ್ಟಿಕಾಪ್ರಯೋಗ, ಅಂದ್ರೆ ಎರಡೂ ಕಡೆ ಅಂಟೋ ಟೇಪು. ಬೋರ್ಡ್ ಗೋಡೆಗೆ ಕಚ್ಚಿಕೊಂಡು ಜಯಭೇರಿ ಬಾರಿಸೋ ಹೊತ್ತಿಗೆ ರಸ್ತೇಲಿ ನೀರಿನ ಟ್ಯಾಂಕರ್ ಹೋಯ್ತು. ಬೋರ್ಡ್ ಬಿತ್ತು. ಮತ್ತೆ ಅಂಟಿಸಿದ್ಲು. ಕಸದ ಗಾಡಿ ಬಂತು. ಬಿತ್ತು. ಮೂರನೇ ಸಲ ಯಾವ ಗಾಡಿಯೂ ಬರಲಿಲ್ಲ, ಸುಮ್ಮನೆ ಬೇಜಾರಾಗಿ ಬಿತ್ತು.

ಆಗ ಎದ್ದು ನಿಂತವನು ಶಾಂಭವಿಯ ಪತಿ, ಸಹಕಾರಿ ಬ್ಯಾಂಕಿನ ಗುಮಾಸ್ತ ರೇಣುಕಪ್ರಸಾದ್. ಸಹಧರ್ಮಿಣೀಮನೋರಥಸಾರಥಿ, ಅರ್ಜಿತರಜಾವ್ಯಯಶೂರ. ಮೊಳೆ ಇಲ್ದಿದ್ರೆ ಏನಾಯ್ತು, ನಾನಿಲ್ವಾ ಅಂದ. ಮಾರನೇ ದಿನ ಇನ್‌ಸ್ಪೆಕ್ಟರ್ ಬರಬಹುದು ಅಂತ ಫಣೀಂದ್ರ ಹೇಳಿದ್ದಕ್ಕೆ ರಜೆ ಹಾಕಿ, ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಬಾಗಿಲ ಪಕ್ಕ, ಬೋರ್ಡನ್ನ ಎದೆಯೆತ್ತರದಲ್ಲಿ ಹಿಡಿದು, ಕದಲದೆ, ಊಟವನ್ನೂ ಹೆಂಡತಿ ಕೈತುತ್ತಲ್ಲೇ ಮುಗಿಸಿ, ಸಾಕ್ಷಾತ್ ಸ್ತಂಭವಾಗಿ ನಿಂತ. ಆ ಏಳೂವರೆ ಗಂಟೆಯಲ್ಲಿ ನಾಲ್ಕು ಜನ ಕೆಳಗಿನಿಂದ ಮನೆ ಖಾಲಿ ಇದೆಯಾ ಅಂತ ಕೇಳಿದ್ರು. ಒಬ್ಬರು ಅಡ್ವಾನ್ಸ್ ಎಷ್ಟು ಅಂತಲೂ ಕೇಳಿದ್ರು. ಇನ್‌ಸ್ಪೆಕ್ಟರ್ ಬರಲಿಲ್ಲ.

ನಾಲ್ಕನೇ ದಿನ ರೇಣುಕಪ್ರಸಾದ್ ಊದಿದ ಕಾಲು ಹೊತ್ಕೊಂಡು ಬ್ಯಾಂಕಿಗೆ ಹೋದ. ಹನ್ನೊಂದು ಗಂಟೆಗೆ ಫಣೀಂದ್ರನ ಫೋನ್: ಇನ್‌ಸ್ಪೆಕ್ಟರ್ ಹೊರಟಿದ್ದಾರೆ, ಅರ್ಧ ಗಂಟೆಯಲ್ಲಿ ಅಲ್ಲಿರ್ತಾರೆ, ಬೋರ್ಡ್ ಇದೆ ತಾನೆ?

ಹಿಡ್ಕೊಳ್ಳೋಕೆ ಗಂಡ ಇಲ್ಲ. ಟೇಪ್ ಮುಗಿದಿದೆ. ಕಡೇ ಪಕ್ಷ ಸರಕಾದ್ರೂ ಕಣ್ಣಿಗೆ ಬೀಳೋ ಹಾಗಿರಲಿ ಅಂತ ಶಾಂಭವಿ ಮಂಚದ ಕೆಳಗಿನ ಪೆಟ್ಟಿಗೆಗಳನ್ನ ಎಳೆದು ಎಳೆದು ಬಾಗಿಲಿಗೆ ತಂದ್ಲು. ಐದನೇ ಪೆಟ್ಟಿಗೆಯ ತಳ ಬಾಗಿಲಲ್ಲೇ ಕಿತ್ಕೊಳ್ತು. ಅಹಹ, ಆ ದೃಶ್ಯವನ್ನ ಏನಂತ ಹೇಳಲಿ. ಹಿಮಗಿರಿಯೇ ಕರಗಿ ಕಣಿವೆಗೆ ನುಗ್ಗಿದ ಹಾಗೆ, ಕೋಟೆ ಬಾಗಿಲು ಒಡೆದು ಶ್ವೇತಸೇನೆ ಹೊರಬಿದ್ದ ಹಾಗೆ, ಹನ್ನೆರಡು ಸಾವಿರದ ಐನೂರು ಬತ್ತಿಗಳು ಮೆಟ್ಟಿಲು ಮೆಟ್ಟಿಲು ಇಳ್ಕೊಂಡು ಹೋಗಿ, ಗಲಾಟೆ ಏನು ಅಂತ ನೋಡೋಕೆ ಅರ್ಧ ಮೆಟ್ಟಿಲು ಹತ್ತಿದ್ದ ಸರ್ವಮಂಗಳಮ್ಮನವರ ಪಾದದ ಸುತ್ತ ಬಂದು ಬಿದ್ದವು.

ಬತ್ತಿ ತುಳಿಯೋ ಹಾಗಿಲ್ಲ. ಮುಂದಿಟ್ಟ ಬಲಗಾಲನ್ನ ಅವರು ಹಾಗೇ ಗಾಳಿಯಲ್ಲಿ ಎತ್ತಿ ಹಿಡಿದ್ರು. ಕಂಬಿಗೆ ಒಂದು ಕೈ ಕೊಟ್ಟು, ಒಂಟಿಕಾಲಲ್ಲಿ ಬಗ್ಗಿ ಒಂದು ಬತ್ತಿ ಎತ್ಕೊಂಡು, ಕನ್ನಡಕದ ಹತ್ರ ತಂದು ನೋಡಿ, ಎಷ್ಟಿವೆ ಅಂತ ಕೇಳಿದ್ರು.

ಒಂದು ಲಕ್ಷ ಅಂದ್ಲು ಶಾಂಭವಿ. ಅಳು ಬಂದುಬಿಟ್ಟಿತ್ತು. ಡೆಕೋರೂ ಇಲ್ಲ, ಕ್ರಿಯೇಷನ್ಸೂ ಇಲ್ಲ, ಮೆಟ್ಟಿಲ ಮೇಲೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದ್ಲು: ಬರೀ ಬತ್ತಿ, ಪುಣೆಯ ಕುಮುದಿನಿಬಾಯಿ, ಅವರ ಮಗಳ ಕಣ್ಣು, ಹರಕೆ.

ಸರ್ವಮಂಗಳಮ್ಮ ಒಂಟಿಕಾಲಲ್ಲೇ ನಿಂತು ಕೈಲಿದ್ದ ಬತ್ತಿಯನ್ನ ತಿರುವಿ ತಿರುವಿ ನೋಡಿದ್ರು. ಹನ್ನೆರಡು ವರ್ಷದ ವ್ರತ ಒಂದು ಕಡೆ, ಯಾರದ್ದೋ ಮಗಳ ಕಣ್ಣು ಒಂದು ಕಡೆ.

"ಲಕ್ಷಬತ್ತಿ ಹರಕೆಗೆ ಅಡ್ಡ ನಿಂತವಳು ಅಂತ ನಾಳೆ ನಾನು ದೇವರ ಮುಂದೆ ಹೋಗಿ ಹೇಳ್ಕೊಳ್ಲಾ? ಮೊದಲು ನನಗೆ ಕಾಲಿಡೋಕೆ ಜಾಗ ಮಾಡು. ಆಮೇಲೆ ಮೊಳೆ ತಗೊಂಡು ಬಾ. ನನ್ನ ಗೋಡೆಗೆ ಹೊಡೆಯೋದಾದ್ರೆ ನಾನೇ ಹೊಡೀತೀನಿ, ಇನ್ನೊಬ್ಬರ ಕೈ ಬೀಳಬಾರ್ದು."

ಮೊಳೆ ಇತ್ತು, ಶಾಂಭವಿ ನಾಲ್ಕು ದಿನದಿಂದ ಪರ್ಸಿನಲ್ಲಿ ಮೂರು ಇಟ್ಕೊಂಡು ಓಡಾಡ್ತಿದ್ಲು. ಸುತ್ತಿಗೆ ಇರಲಿಲ್ಲ. ಮೊಳೆಯೇ ಕಾಣದ ಮನೇಲಿ ಸುತ್ತಿಗೆಗೇನು ಕೆಲಸ? ಸರ್ವಮಂಗಳಮ್ಮ ಅಡುಗೆಮನೆಯಿಂದ ಶುಂಠಿ ಜಜ್ಜೋ ಕಲ್ಲು ತಂದ್ರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲನ್ನ ನೆತ್ತಿಯ ಮೇಲೆತ್ತಿದ ಆ ಪಾಷಾಣಪಾಣಿಯನ್ನ ನೋಡಿ ಸಪ್ತಕುಲಾಚಲಗಳು ತಮ್ಮ ಗೋಡೆಗಳನ್ನ ಮುಟ್ಟಿ ನೋಡ್ಕೊಂಡವು. ಮೊದಲನೇ ಮೊಳೆ ಡೊಂಕಾಗಿ ವೀರಸ್ವರ್ಗ ಸೇರ್ತು. ಎರಡನೇದು ಹಾರಿ ಎಲ್ಲಿ ಹೋಯ್ತೋ ಇವತ್ತಿಗೂ ಸಿಕ್ಕಿಲ್ಲ. ಮೂರನೇದು ಠಣ್, ಠಣ್, ಠಕ್ ಅಂತ ಒಳಗಿಳೀತು. ಜೊತೆಗೆ ಒಂದು ರೂಪಾಯಿ ಅಗಲದ ಪ್ಲಾಸ್ಟರ್ ಚೂರು ಕೆಳಗೆ ಬಿತ್ತು. ಇಬ್ಬರೂ ಆ ಚೂರನ್ನ ನೋಡಿದ್ರು. ಸರ್ವಮಂಗಳಮ್ಮ ಅದನ್ನ ಎತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕ್ಕೊಂಡ್ರು.

ಬೋರ್ಡ್ ಏರಿತು. ಅದೇ ಕ್ಷಣಕ್ಕೆ ಕೆಳಗೆ ಸ್ಕೂಟರ್ ನಿಂತಿತು.

ಬಂದವರು ಬಡಕಲು ಮೈಯ, ಬೆವರು ಒರೆಸ್ಕೊಳ್ತಿದ್ದ, ಬಹಳ ಮೆತ್ತನೆ ಮಾತಿನ ಇನ್‌ಸ್ಪೆಕ್ಟರು. ಮೆಟ್ಟಿಲ ಮೇಲೆ ಉಳಿದಿದ್ದ ಬತ್ತಿಗಳನ್ನ ತುಳಿಯದ ಹಾಗೆ ಹುಷಾರಾಗಿ ಹತ್ತಿ, ಬೋರ್ಡಿನ ಫೋಟೋ ತೆಗೆದು, ಮೊಬೈಲ್‌ನಲ್ಲಿ ಅರ್ಜಿ ತೆರೆದು, ಹೋಮ್ ಡೆಕೋರ್ ಅಂತಿದೆ, ದಿಂಬು, ಕರ್ಟನ್ನು ಎಲ್ಲಿವೆಯಮ್ಮ, ತೋರಿಸಿ ಅಂದ್ರು. ಶಾಂಭವಿ ಒಂದು ಹಿಡಿ ಬತ್ತಿ ತೋರಿಸಿದ್ಲು. ಇನ್ನೇನು ಮಾರ್ತೀರಿ, ಎಣ್ಣೆ, ಕರ್ಪೂರ, ದೀಪದ ಕಂಬ? ಏನೂ ಇಲ್ಲ ಸಾರ್, ಇದೊಂದೇ.

ಇನ್‌ಸ್ಪೆಕ್ಟರು ಮೊಬೈಲ್ ಜೇಬಿಗೆ ಇಟ್ರು.

"ದೀಪದ ಬತ್ತಿಗೆ ತೆರಿಗೆನೇ ಇಲ್ವಲ್ಲಮ್ಮ. ತೆರಿಗೆ ಇಲ್ಲದ ಮಾಲು ಮಾತ್ರ ಮಾರೋರಿಗೆ ಈ ನಂಬರ್ ಬೇಕಾಗೇ ಇಲ್ಲ, ರಾಜ್ಯದ ಹೊರಗೆ ಕಳ್ಸಿದ್ರೂ ಅಷ್ಟೇ. ನಿಮ್ಮ ಸೈಟ್‌ನಲ್ಲಿ, ತೆರಿಗೆ ಇಲ್ಲದ ಮಾಲು ಮಾತ್ರ ಮಾರ್ತೀನಿ ಅಂತ ಒಂದು ಘೋಷಣೆ ಇರುತ್ತೆ ನೋಡಿ, ಟಿಕ್ ಹಾಕಿ ಕಳಿಸಿ. ನಂಬರ್ ತಗೊಂಡಿದ್ರೆ ಒಂದು ಬತ್ತಿನೂ ಮಾರದ ತಿಂಗಳಲ್ಲೂ ಏನೂ ಮಾರಿಲ್ಲ ಅಂತ ವರದಿ ಕೊಡ್ತಾ ಕೂರಬೇಕಿತ್ತು. ಬಚಾವಾದ್ರಿ."

ಆಮೇಲೆ ಒಂದು ಲೋಟ ನೀರು ಕುಡಿದು, ಅರ್ಜಿ ವಾಪಸ್ ತಗೊಳ್ಳೋದು ಹೇಗೆ ಅಂತ ಹೇಳ್ಕೊಟ್ಟು, ಸ್ಕೂಟರ್ ಒದ್ದು ಹೊರಟುಹೋದ್ರು. ಫಣೀಂದ್ರನಿಗೆ ಫೋನ್ ಮಾಡಿದ್ರೆ, ಬತ್ತಿ ಅಂತ ಒಂದು ಮಾತು ಹೇಳಿದ್ರೆ ಆವತ್ತೇ ಮುಗೀತಿತ್ತಲ್ಲ ಮೇಡಂ ಅಂದ.

ಸರ್ವಮಂಗಳಮ್ಮ ಬೋರ್ಡ್ ನೋಡಿದ್ರು, ಮೊಳೆ ನೋಡಿದ್ರು, ಕಡೆಗೆ ಶಾಂಭವಿಯನ್ನ ನೋಡಿದ್ರು.

"ಬತ್ತಿ ಅನ್ನೋಕೆ ಅದೇನಮ್ಮ ನಾಚಿಕೆ?"

ಶಾಂಭವಿ ತಲೆ ತಗ್ಗಿಸಿ ಟಿಕ್ ಹಾಕಿದ್ಲು. ಕೆಂಪಕ್ಷರದ ರಾಕ್ಷಸ ಚಕಾರ ಎತ್ತದೆ ಮಾಯವಾದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಚೆಲ್ಲಿದ ಬತ್ತಿ ಆರಿಸಿ ತುಂಬಿದ್ರು. ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿ, ಮೂರನೇ ಸಲಕ್ಕೆ ಸರ್ವಮಂಗಳಮ್ಮ ಇರಲಿ ಬಿಡು, ಅಂದಾಜಿಗೆ ನೂರು ಜಾಸ್ತಿ ಹೊಸೆದು ಹಾಕು ಅಂದ್ರು. ಬೋರ್ಡ್ ಕೆಳಗಿಳೀತು. ಮೊಳೆ ಕಿತ್ರೆ ತೂತು ದೊಡ್ಡದಾಗುತ್ತೆ ಅಂತ ಅದನ್ನ ಹಾಗೇ ಬಿಟ್ರು. ಬೆಳಗಿನ ಹಾಲಿನ ಚೀಲ ಈಗ ಅದಕ್ಕೇ ನೇತಾಡುತ್ತೆ.

ಇನ್ನು ಫಲಶ್ರುತಿ. ಲಕ್ಷ ವೀರರು ಗಡಿ ದಾಟಿ, ಕಾರ್ತಿಕ ಹುಟ್ಟೋಕೆ ಎರಡು ದಿನ ಮೊದಲೇ ಪುಣೆ ಸೇರಿ, ಒಂದೇ ಸಂಜೆಯಲ್ಲಿ ತುಪ್ಪ ಕುಡಿದು ಧಗಧಗ ಉರಿದು ಅಮರರಾದ್ರು. ನಾಲ್ಕನೇ ದಿನ ಸೈಟ್‌ನಲ್ಲಿ ಕುಮುದಿನಿಬಾಯಿಯವರ ಅಭಿಪ್ರಾಯ ಬಂತು. ಶಾಂಭವಿ ಕೆಳಗೆ ಓಡಿಹೋಗಿ, ಸರ್ವಮಂಗಳಮ್ಮನವರ ಕನ್ನಡಕ ಹುಡುಕಿ ಕೊಟ್ಟು, ಇಬ್ಬರೂ ಒಟ್ಟಿಗೆ ಓದಿದ್ರು. ಐದರಲ್ಲಿ ನಾಲ್ಕು ಸ್ಟಾರ್, ಕೆಳಗೆ ಎರಡೇ ಪದ: ಬತ್ತಿ ಪರವಾಗಿಲ್ಲ.