ರಾಜಧಾನಿಗೆ ಒಂಬತ್ತು ಮನೆ

ವಾದ ಮಾಡುವುದನ್ನು ಅಭ್ಯಾಸ ಮಾಡಿಕೊಂಡವನು ಯಾವುದನ್ನೂ ನೆಮ್ಮದಿಯಿಂದ ಅನುಭವಿಸಲಾರ. ಮದುವೆಯ ಪಂಕ್ತಿಯಲ್ಲಿ ಕುಳಿತರೂ ಅವನ ತಲೆಯೊಳಗೆ ಒಬ್ಬ ಅಧ್ಯಕ್ಷರು ಗಂಟೆ ಹಿಡಿದುಕೊಂಡು ಕುಳಿತಿರುತ್ತಾರೆ; ಮಾದಲಿಯ ಪರವಾಗಿ ಮೂರು ನಿಮಿಷ, ವಿರುದ್ಧವಾಗಿ ಮೂರು ನಿಮಿಷ. ನಾನು ಕಾಲೇಜಿನಲ್ಲಿದ್ದಾಗ ಒಂದೇ ವಿಷಯದ ಮೇಲೆ ಮರಾಠಿಯಲ್ಲಿ ಪರವಾಗಿಯೂ ಕನ್ನಡದಲ್ಲಿ ವಿರುದ್ಧವಾಗಿಯೂ ಮಾತಾಡಿ ಎರಡೂ ಕಡೆ ಕಪ್ ಗೆದ್ದವನು. ಸತ್ಯ ಯಾವ ಕಡೆ ಇತ್ತು ಎಂದು ಆಗಲೂ ಯಾರೂ ಕೇಳಲಿಲ್ಲ, ಈಗಲೂ ನನಗೆ ಗೊತ್ತಿಲ್ಲ. ಆ ಎರಡು ಕಪ್ಪುಗಳಲ್ಲಿ ಅವ್ವ ಈಗ ಸೌಟು, ಚಮಚಗಳನ್ನು ನಿಲ್ಲಿಸಿದ್ದಾಳೆ. ನನ್ನ ಮಾತಿನಿಂದ ಮನೆಗೆ ಆದ ಉಪಯೋಗ ಅದೊಂದೇ ಎಂದು ಬಂದವರಿಗೆಲ್ಲ ತೋರಿಸಿ ಹೇಳುತ್ತಾಳೆ. ಸದ್ಯ ನಾನು ಮಹಾರಾಷ್ಟ್ರದ ಗಡಿಯೂರು ಜತ್ತಿನ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಅಲ್ಲಿ ನನಗೆ ಬಾಯಿ ತೆರೆಯುವ ಅವಕಾಶ ಬರುವುದು ಮುಂದಿನ ತಾರೀಖು ಕೇಳುವಾಗ ಮಾತ್ರ. ಹಾಗಾಗಿ ಇಡೀ ದಿನ ಹೊಟ್ಟೆಯಲ್ಲಿ ಕಟ್ಟಿಟ್ಟ ವಾದವನ್ನು ಸಂಜೆ ಎಲ್ಲಾದರೂ ಇಳಿಸಲೇಬೇಕಾಗುತ್ತದೆ.

ಹಾಗೆ ಇಳಿಸಲು ನನಗೆ ಸಿಕ್ಕದ್ದು ಒಂದು ಊರು. ಅದು ತಾಲೂಕಿನ ನಕಾಶೆಯಲ್ಲಿಲ್ಲ, ಗೆಳೆಯ ರಫೀಕನ ಕಂಪ್ಯೂಟರಿನಲ್ಲಿದೆ. ಓಪನ್ ವರ್ಲ್ಡ್ ಎಂಬ ಜಾತಿಯ ವಿಡಿಯೋ ಆಟಗಳನ್ನು ಆಡದವರಿಗಾಗಿ ಹೇಳುತ್ತೇನೆ. ಅವುಗಳಲ್ಲಿ ಇಂಥ ದಾರಿಯಲ್ಲೇ ಹೋಗು ಎಂದು ಯಾರೂ ಹೇಳುವುದಿಲ್ಲ. ಒಂದು ಇಡೀ ಸೀಮೆಯನ್ನೇ ನಿಮ್ಮ ಕೈಗೆ ಕೊಟ್ಟುಬಿಡುತ್ತಾರೆ: ಬೆಟ್ಟ, ಹೊಳೆ, ಕಾಡು, ಮಾಟಗಾರರು, ಬೆಂಕಿ ಉಗುಳುವ ಡ್ರ್ಯಾಗನ್. ನೀವು ಕುದುರೆ ಹತ್ತಿ ಎತ್ತ ಬೇಕಾದರೂ ಹೋಗಬಹುದು. ಅಲ್ಲಿಯ ಬೆಟ್ಟಗಳ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಅಲ್ಲಿ ಕಂಡಷ್ಟು ಸೂರ್ಯೋದಯಗಳನ್ನು ನಾನು ಜತ್ತಿನಲ್ಲಿ ಕಂಡಿಲ್ಲ. ಅದಕ್ಕೆ ಜತ್ತ ಕಾರಣವಲ್ಲ, ನಾನು ಏಳುವ ಹೊತ್ತು ಕಾರಣ. ಹುಲ್ಲು ಗಾಳಿಗೆ ಬಾಗುವ ರೀತಿಯನ್ನು ನೋಡುತ್ತ ಕುದುರೆಯನ್ನು ನಿಲ್ಲಿಸಿ ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದೇನೆ.

ತಕರಾರು ಶುರುವಾಗುವುದು ರಾಜಧಾನಿ ಬಂದಾಗ. ದಾರಿಯುದ್ದಕ್ಕೂ ಸಿಕ್ಕ ಸಿಕ್ಕವರೆಲ್ಲ ಆ ಮಹಾನಗರದ ಗುಣಗಾನ ಮಾಡಿರುತ್ತಾರೆ. ದೂರದಿಂದ ಕೋಟೆ, ಗೋಪುರ, ಪತಾಕೆ ಕಂಡು ಎದೆ ಉಬ್ಬುತ್ತದೆ. ಹೆಬ್ಬಾಗಿಲು ಕರ್ ಎಂದು ತೆರೆಯುತ್ತದೆ. ಒಳಗೆ ಹೋದರೆ ಒಂಬತ್ತು ಮನೆ. ಒಬ್ಬ ರಾಜ, ಒಬ್ಬ ಮಂತ್ರಿ, ಕೈಗೆ ಕಾಲಿಗೆ ತೊಡರುವಷ್ಟು ಕಾವಲುಗಾರರು, ಮತ್ತು ಒಂಬತ್ತು ಮನೆ. ಇಷ್ಟು ಜನ ಮಲಗುವುದೆಲ್ಲಿ? ಇರುವ ಎರಡು ಅಂಗಡಿಗಳಲ್ಲಿ ಒಂದರಲ್ಲಿ ಕತ್ತಿ ಮಾರುತ್ತಾರೆ, ಇನ್ನೊಂದರಲ್ಲೂ ಕತ್ತಿಯನ್ನೇ ಮಾರುತ್ತಾರೆ. ಕಾಯಿಪಲ್ಯೆ ಇಲ್ಲ, ಹಿಟ್ಟಿನ ಗಿರಣಿ ಇಲ್ಲ, ಗಟಾರು ಇಲ್ಲ. ರಾಜನಿಗೆ ಅಷ್ಟುದ್ದ ಗಡ್ಡವಿದೆ, ಊರಿಗೊಬ್ಬ ಕ್ಷೌರಿಕನಿಲ್ಲ. ಒಬ್ಬ ಹೆಂಗಸು ನಾನು ಬಂದಾಗಿನಿಂದ ಒಂದೇ ಕಲ್ಲನ್ನು ಗುಡಿಸುತ್ತಿದ್ದಾಳೆ. ಬಾಗಿಲ ಕಾವಲುಗಾರನಂತೂ ಹುಟ್ಟಿನಿಂದ ಒಂದೇ ವಾಕ್ಯ ಕಲಿತವನು: ಹುಷಾರಾಗಿರು ಪಯಣಿಗ, ರಾತ್ರಿ ಕತ್ತಲೆಯಿರುತ್ತದೆ. ಈ ಮಾಹಿತಿಗಾಗಿ ನಾನು ಇಷ್ಟು ದೂರ ಕುದುರೆ ಓಡಿಸಿಕೊಂಡು ಬಂದೆನೇ?

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಬೇರೆಯೇ ಇದೆ. ಆ ಊರಿನಲ್ಲಿ ಯಾರ ಮನೆಗೆ ಬೇಕಾದರೂ ನುಗ್ಗಬಹುದು. ಮನೆಯವರ ಎದುರಿಗೇ ಅವರ ಪೆಟ್ಟಿಗೆ ತೆರೆದು ಇದ್ದದ್ದನ್ನು ಬಳಿದುಕೊಂಡು ಹೊರಬಿದ್ದರೂ ಯಾರೂ ಕತ್ತೆತ್ತಿ ನೋಡುವುದಿಲ್ಲ. ನಮ್ಮ ಹಳ್ಳಿ ಸೊರಡಿಯಲ್ಲಿ ಒಂದು ಮನೆಯ ಮುಂದೆ ಬೈಕಿನ ವೇಗ ಸ್ವಲ್ಪ ಇಳಿಸಿ ನೋಡಿ. ಇಂಜಿನ್ನು ಆರುವುದರೊಳಗೆ ಕಟ್ಟೆಯಿಂದ ಇಬ್ಬರು ಎದ್ದು ಬಂದು ಯಾವೂರು, ಯಾರ ಪೈಕಿ ಎಂದು ವಿಚಾರಿಸಿ, ನಿಮ್ಮ ಸೋದರತ್ತೆಯನ್ನು ಕೊಟ್ಟ ಊರಿನವರೆಗೆ ಹೋಗಿ, ಅಲ್ಲೊಂದು ಬೀಗತನ ಹುಡುಕಿ ತೆಗೆದು, ಒಳಗೆ ಚಹಾಕ್ಕೆ ಕೂಗಿ ಹೇಳಿರುತ್ತಾರೆ. ಯಾರ ಪೈಕಿ ಎಂದು ಕೇಳದ ಊರನ್ನು ಊರು ಎನ್ನಬಹುದೇ ಎಂಬುದು ನನ್ನ ಮೂಲಭೂತ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯನ್ನು ನಾನು ಮಂಡಿಸುತ್ತಿದ್ದದ್ದು ಹಳೆ ಪೇಟೆಯ ಗಾದಿ ಅಂಗಡಿಯ ಮಾಳಿಗೆಯ ಮೇಲೆ. ಕೆಳಗೆ ರಫೀಕನ ತಂದೆ ಬಾಬಾಲಾಲ ಚಾಚಾ ಗಾದಿ, ತಲೆದಿಂಬು ಹೊಲಿದು ಮಾರುತ್ತಾರೆ. ಮೇಲೆ ಅರಳೆಯ ಗಂಟುಗಳ ನಡುವೆ ರಫೀಕ ಕಂಪ್ಯೂಟರು ಇಟ್ಟುಕೊಂಡು ಕುಳಿತಿರುತ್ತಾನೆ. ನಾವೆಲ್ಲ ಆಟ ಆಡುತ್ತಿದ್ದಾಗ ಇವನಿಗೆ ಆಟ ಮಾಡುವ ಹುಚ್ಚು ಹಿಡಿದಿತ್ತು. ಕಂಪ್ಯೂಟರಿನ ಪದವಿ ಮುಗಿಸಿ ಬಂದ ಮಗ ಅಂಗಡಿಗೆ ಇಳಿಯದೆ ಮೇಲೆ ಕುಳಿತು ಡ್ರ್ಯಾಗನ್ನಿನ ಮೈಗೆ ಮೀನಿನಂಥ ಹುರುಪೆ ಅಂಟಿಸುತ್ತಿರುವುದನ್ನು ಚಾಚಾ ಬಹಳ ದಿನ ಸಹಿಸಿದರು. ಕೊನೆಗೆ ಒಂದು ವಾಯಿದೆ ಹಾಕಿದರು. ಲಗ್ನದ ಸೀಜನ್ನು ಶುರುವಾಗುವುದರೊಳಗೆ ಆಟವನ್ನು ತಮಗೇ ತೋರಿಸಬೇಕು, ತಾವೇ ಆಡಿ ನೋಡುತ್ತಾರೆ. ಅದು ದುಡಿಮೆ ಎಂದು ಅವರಿಗೆ ಅನ್ನಿಸಿದರೆ ಸರಿ. ಅನ್ನಿಸದಿದ್ದರೆ ರಫೀಕ ಕಂಪ್ಯೂಟರನ್ನು ಮುಚ್ಚಿಟ್ಟು ಕೆಳಗೆ ಬಂದು ಸೂಜಿ ಹಿಡಿಯಬೇಕು. ರಫೀಕ ಒಪ್ಪಿದ. ಅವನ ಮುಖ ನೋಡಿದರೆ ಅರಳೆ ಬಡಿಯುವ ಕೋಲು ಆಗಲೇ ಕೈಗೆ ಬಂದಂತಿತ್ತು.

ಅವನ ಆಟದ ಕತೆ ಸರಳ. ವೀರನೊಬ್ಬ ಒಂದು ಊರನ್ನು ದಾಟಿ ಗುಡ್ಡ ಹತ್ತಿ ಡ್ರ್ಯಾಗನ್ನನ್ನು ಕೊಲ್ಲಬೇಕು. ಗುಡ್ಡ ಆಗಿತ್ತು, ಡ್ರ್ಯಾಗನ್ನು ಆಗಿತ್ತು, ಊರು ಆಗಬೇಕಿತ್ತು. ಅದೇ ಹೊತ್ತಿಗೆ ನಾನು ಒಂಬತ್ತು ಮನೆಯ ರಾಜಧಾನಿಯನ್ನು ದಿನವೂ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಒಂದು ಮನೆ ಅಂದರೆ ನೂರು ಮನೆ ಎಂದು ತಿಳಿಯಬೇಕು, ನಾಟಕದಲ್ಲಿ ಒಂದು ಗಿಡ ಇಟ್ಟರೆ ಕಾಡು ಎನ್ನುವುದಿಲ್ಲವೇ ಎಂದು ರಫೀಕ ಆಟಗಳ ಪರ ವಹಿಸಿದ. ಹಾಗಾದರೆ ನನ್ನ ಒಂದು ಕತ್ತಿಯೇಟನ್ನೂ ನೂರು ಏಟು ಎಂದು ತಿಳಿದು ಡ್ರ್ಯಾಗನ್ನು ಸಾಯಬೇಕು, ಲೆಕ್ಕ ಇಬ್ಬರಿಗೂ ಒಂದೇ ಇರಲಿ ಎಂದು ನಾನು ಖಂಡಿಸಿದೆ. ಈ ಮಾತಿಗೆ ಕಾಲೇಜಿನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ರಫೀಕ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

"ಹಂಗಾದ್ರ ಊರು ನೀನ ಕಟ್ಟಲೇ. ಬಾಯಿಲೆ ಅಲ್ಲ, ಇಲ್ಲೆ ಕುಂತು," ಎಂದ.

ನಾನು ಕೂತೆ. ಅರಳೆಯ ಗಂಟಿನ ಮೇಲೆ ಕೂತು ಆಜ್ಞೆ ಹೊರಡಿಸತೊಡಗಿದೆ. ಊರಿನಲ್ಲಿ ಗಾಡಿ ಅಡ್ಡೆ ಇರಬೇಕು. ಸಂತೆ ಇರಬೇಕು, ಸಂತೆಯ ಹೆಂಗಸರು ಕನ್ನಡದಲ್ಲಿ ಕುಶಲ ಕೇಳಿ ಮರಾಠಿಯಲ್ಲಿ ದರ ಹೇಳಬೇಕು. ಪ್ರತಿಯೊಬ್ಬನಿಗೂ ಒಂದು ಕೆಲಸ, ಮಲಗಲು ಒಂದು ಸೂರು ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಂದ ವೀರನನ್ನು ಪ್ರತಿಯೊಬ್ಬನೂ ಯಾರ ಪೈಕಿ ಎಂದು ಕೇಳಬೇಕು, ಚಹಾಕ್ಕೆ ಕರೆಯಬೇಕು. ವೀರ ಒಲ್ಲೆ ಎಂದರೆ ಅವರಿಗೆ ಬೇಜಾರಾಗಬೇಕು, ಆ ಬೇಜಾರು ಊರೆಲ್ಲ ಹರಡಿ ಯಾರೂ ಅವನೊಂದಿಗೆ ಮಾತಾಡಬಾರದು. ವಾಸ್ತವ ಅಂದರೆ ವಾಸ್ತವ.

ರಫೀಕ ಎಲ್ಲವನ್ನೂ ಮಾಡಿದ. ಈ ಮಾತನ್ನು ನಾನು ಒಂದೇ ಸಾಲಿನಲ್ಲಿ ಬರೆದೆ, ಅವನು ಮಾಡಿದ್ದನ್ನು ಕಣ್ಣಾರೆ ನೋಡಿದ ಮೇಲೆ ಹಾಗೆ ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಒಬ್ಬ ಮನುಷ್ಯನನ್ನು ನಡೆಸುವುದೆಂದರೆ ಏನೆಂದುಕೊಂಡಿದ್ದೀರಿ? ನಮ್ಮ ಮೊದಲ ನಾಗರಿಕ ಮೊಣಕಾಲತನಕ ನೆಲದೊಳಗೆ ಹುಗಿದುಕೊಂಡೇ ಸಂತೆಗೆ ಹೋಗಿಬಂದ. ಬದನೆಕಾಯಿಗಳು ಬುಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲುತ್ತಿದ್ದವು. ಬಾಗಿಲು ತೆರೆದರೆ ಗೋಡೆಯೂ ಜೊತೆಗೆ ಬರುತ್ತಿತ್ತು. ಚಹಾದ ಕಪ್ಪು ಕೈಯಲ್ಲಿ ನಿಲ್ಲದೆ ಕುಡಿಯುವವನ ಕಿವಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಅದನ್ನು ಬಾಯಿಗೆ ತರುವುದರಲ್ಲಿ ರಫೀಕನ ಒಂದು ವಾರ ಹೋಯಿತು. ರಾಜಧಾನಿಯನ್ನು ನೋಡಿ ನಕ್ಕಿದ್ದ ನಾನೇ, ನಮ್ಮ ಊರಿನ ಒಂದು ಬಾಗಿಲು ಗೋಡೆಯನ್ನು ಬಿಟ್ಟು ತಾನೊಂದೇ ತೆರೆದುಕೊಂಡ ದಿನ ಗಂಟಿನ ಮೇಲಿಂದ ಎದ್ದು ಚಪ್ಪಾಳೆ ತಟ್ಟಿದೆ.

ಅಷ್ಟರಲ್ಲಿ ಕಂಪ್ಯೂಟರು ಉಸಿರು ಕಟ್ಟಿಕೊಂಡಿತು. ಊರು ಬೆಳೆದಷ್ಟೂ ಅದರ ಫ್ಯಾನು ಕೂಗಿಡುತ್ತಿತ್ತು. ಅರಳೆಯ ಎಳೆಗಳನ್ನು ಎಳೆದುಕೊಂಡು ಒಳಗೇ ಒಂದು ತಲೆದಿಂಬು ತಯಾರಿಸಿಕೊಂಡಿತ್ತು. ರಫೀಕ ಅದನ್ನು ಬಿಚ್ಚಿ ಕೊಡವಿ ನೋಡಿದ, ಆದರೂ ಸಂತೆಯೊಳಗೆ ಕಾಲಿಟ್ಟೊಡನೆ ಎಲ್ಲರೂ ಕಲ್ಲಾಗಿ ನಿಲ್ಲುತ್ತಿದ್ದರು. ಏನನ್ನಾದರೂ ತೆಗೆಯಲೇಬೇಕು ಎಂದ. ಯಾವುದನ್ನು ಎಂಬ ತೀರ್ಪು ನನ್ನದು. ಮೊದಲು ಸಂತೋಷದಿಂದ ತಹಶೀಲ್ದಾರ ಕಚೇರಿಯನ್ನು ತೆಗೆಸಿದೆ. ಆಮೇಲೆ ಗಾಡಿ ಅಡ್ಡೆ, ಆಮೇಲೆ ಗಿರಣಿ. ನಂತರ, ನಮ್ಮ ಹಳೆ ಪೇಟೆಯನ್ನೇ ನೋಡಿ ಕಟ್ಟಿದ್ದ ಪೇಟೆಯ ಓಣಿಯಲ್ಲಿ ಕತ್ತಿ ಅಂಗಡಿಯನ್ನು ತೆಗೆಯುವುದೋ ಗಾದಿ ಅಂಗಡಿಯನ್ನು ತೆಗೆಯುವುದೋ ಎಂಬ ಪ್ರಶ್ನೆ ಬಂತು. ವೀರರು ನೆಲದ ಮೇಲೆ ಮಲಗುತ್ತಾರೆ, ಅವರಿಗೆ ಗಾದಿ ಏಕೆ ಎಂದು ನಾನು ಎರಡೇ ವಾಕ್ಯದಲ್ಲಿ ಮುಗಿಸಿದೆ. ರಫೀಕ ಒಂದು ಸಲ ನೆಲದ ಕಡೆ, ಅಂದರೆ ಕೆಳಗಿನ ಅಂಗಡಿಯ ಕಡೆ ನೋಡಿದ. ಆಮೇಲೆ ತೆಗೆದ. ಊರು ಓಡತೊಡಗಿತು. ಆ ಖುಷಿಯಲ್ಲಿ ನಾನು ಮನೆಗಳನ್ನು ಎಣಿಸಲು ಹೋಗಬಾರದಿತ್ತು. ಎಂಟು ಇದ್ದವು.

ಲಗ್ನದ ಸೀಜನ್ನಿಗೆ ಇನ್ನೇನು ಒಂದು ವಾರ ಇದೆ ಎನ್ನುವಾಗ, ಪೇಟೆ ರಜೆಯ ದಿನ ಮಧ್ಯಾಹ್ನ ಚಾಚಾ ಮೇಲೆ ಬಂದರು. ಮೂಗಿನ ಮೇಲೆ ಕನ್ನಡಕ ಏರಿಸಿ, ರಫೀಕ ಹಾಸಿದ ಗಾದಿಯ ಹೊಲಿಗೆಯನ್ನು ಅಭ್ಯಾಸಬಲದಿಂದ ಒಮ್ಮೆ ಎಳೆದು ನೋಡಿ ಕೂತರು. ಕಂಟ್ರೋಲರನ್ನು ಎರಡೂ ಕೈಯಲ್ಲಿ ತಟ್ಟೆ ಹಿಡಿದಂತೆ ಹಿಡಿದರು. ರಫೀಕ ಬೆರಳಿನ ಕೆಲಸ ಹೇಳಿಕೊಟ್ಟ. ವೀರ ಹೆಬ್ಬಾಗಿಲಿಗೆ ಬಂದ. ಕಾವಲುಗಾರ ಕೈಯೆತ್ತಿ, ಬರ್ರಿ, ಯಾವೂರು, ಯಾರ ಪೈಕಿ ಎಂದು ಕೇಳಿದ. ಚಾಚಾ ಪರದೆಗೆ, "ಜತ್ತಿನಾವ್ರರಿ, ಗಾದಿಯವ್ರ ಪೈಕಿ," ಎಂದು ಬಾಯಲ್ಲೇ ಉತ್ತರ ಕೊಟ್ಟರು.

ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಕಾವಲುಗಾರ ಚಹಾಕ್ಕೆ ಕರೆದ, ಚಾಚಾ ಹೋದರು. ಪಕ್ಕದ ಮನೆಯವಳು ಕರೆದಳು, ಹೋದರು. ಬದನೆಕಾಯಿಯವಳು ಕರೆದಳು. ಒಲ್ಲೆ ಎಂಬ ಗುಂಡಿಯೂ ಇದೆ ಎಂದು ರಫೀಕ ಮೆಲ್ಲಗೆ ನೆನಪಿಸಿದ. ಕರೆದವರಿಗೆ ಒಲ್ಲೆ ಅನ್ನುವುದು ಯಾವ ಪದ್ಧತಿ ಎಂದು ಚಾಚಾ ಅವನನ್ನೇ ಗದರಿಸಿದರು. ಎಂಟು ಮನೆಯಲ್ಲೂ ಚಹಾ ಆಯಿತು. ಕೊನೆಯ ಮನೆಯವನು ಮೊದಲ ಮನೆಯವನ ಅಳಿಯನೆಂದು ತಿಳಿದದ್ದರಿಂದ ಆ ಸುದ್ದಿ ಮುಟ್ಟಿಸಲು ಮತ್ತೆ ಮೊದಲ ಮನೆಗೆ ಹೋದರು. ಆ ಕಡೆ ಗುಡ್ಡದ ಮೇಲೆ ರಫೀಕನ ತಿಂಗಳುಗಟ್ಟಲೆಯ ದುಡಿಮೆ, ಹುರುಪೆ ಹುರುಪೆಯಾಗಿ ಬಣ್ಣ ಹಚ್ಚಿದ ಡ್ರ್ಯಾಗನ್ನು, ರೆಕ್ಕೆ ಬಿಚ್ಚಿ ಕಾಯುತ್ತ ಕೂತಿತ್ತು. ಅದನ್ನು ತೋರಿಸದೆ ಇದು ದುಡಿಮೆ ಎಂದು ಹೇಗೆ ನಂಬಿಸುವುದು? ರಫೀಕ ನನ್ನ ಕಡೆ ನೋಡಿದ ನೋಟದಲ್ಲಿ ಇಡೀ ವಾಸ್ತವವಾದದ ಖಂಡನೆ ಇತ್ತು. ಊರನ್ನು ದಾಟಿ ಹೋಗಲಾಗದಂತೆ ಕಟ್ಟಿದವನು ನಾನು.

ಕೊನೆಗೊಮ್ಮೆ ವೀರ ಪೇಟೆಯ ಓಣಿಗೆ ಹೊರಳಿದ. ಈ ಓಣಿಯ ತುದಿಗೇ ಗುಡ್ಡದ ದಾರಿ. ನಾವು ಉಸಿರು ಬಿಡುವಷ್ಟರಲ್ಲಿ ಚಾಚಾ ನಡುವೆ ನಿಂತರು. ಎಡಕ್ಕೆ ತಿರುಗಿದರು. ಅಲ್ಲಿ ಬರಿಯ ಗೋಡೆ.

"ಇಲ್ಲೆ ನಮ್ಮ ದುಕಾನ ಇರಬೇಕಲ್ಲ," ಎಂದರು.

ಯಾವ ವಿಷಯ ಕೊಟ್ಟರೂ ತಯಾರಿಯಿಲ್ಲದೆ ಮಾತಾಡಬಲ್ಲೆ ಎಂಬುದು ನನ್ನ ಹೆಮ್ಮೆ. ಆಗ ನಾನು ಅರಳೆಯ ಗಂಟು ಸಡಿಲಾಗಿದೆಯೇ ಎಂದು ಬಗ್ಗಿ ಪರೀಕ್ಷಿಸತೊಡಗಿದೆ. ತೆಗೆಸಿದವನು ಇವನು ಎಂದು ರಫೀಕ ಬೆರಳು ತೋರಿಸಬಹುದಿತ್ತು. ಅವನು, ಮಶೀನು ತಾಳಲಿಲ್ಲ ಅಬ್ಬಾ, ಎಂದಷ್ಟೇ ಹೇಳಿದ. ಗೆಳೆಯನೆಂದರೆ ಅವನು, ಆ ಒಂದು ಸುಳ್ಳನ್ನು ನಾನು ಗೆದ್ದ ಎಲ್ಲ ಕಪ್ಪುಗಳಿಗಿಂತ ಮೇಲೆ ಇಡುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ ಎಂಬುದು ವಾದದ ದೃಷ್ಟಿಯಿಂದ ಇನ್ನೂ ಸೊಗಸು.

ಚಾಚಾ ವೀರನನ್ನು ಆ ಗೋಡೆಯ ಉದ್ದಕ್ಕೂ ಒಮ್ಮೆ ನಡೆಸಿ ನೋಡಿದರು. ಕಂಟ್ರೋಲರನ್ನು ಗಾದಿಯ ಮೇಲೆ ಇಟ್ಟು ಕನ್ನಡಕ ತೆಗೆದರು.

"ಮಂದಿ ಭಾಳ ಚಲೋ ಅದಾರ. ಎಲ್ಲಾರೂ ಚಾ ಕೊಟ್ರು. ಆದ್ರ ಇಷ್ಟು ಮಂದಿ ಮಲಗೋದು ಎಲ್ಲೆ?"

ನನ್ನದೇ ಪ್ರಶ್ನೆ. ರಾಜಧಾನಿಗೆ ನಾನು ಹಾಕಿದ್ದ ಪ್ರಶ್ನೆ ಇಡೀ ಆಟದ ಜಗತ್ತನ್ನು ಸುತ್ತಿ ಬಂದು ನನ್ನ ಎದುರಿಗೇ ನಿಂತಿತ್ತು. ಚಾಚಾ ಎದ್ದರು. ಡ್ರ್ಯಾಗನ್ನನ್ನು ನೋಡಿ ಹೋಗಿ ಎಂದು ರಫೀಕ ಅಂಗಲಾಚಿದ. ಆ ಹಾಳು ಪ್ರಾಣಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರು ಏಣಿಯ ಕಡೆ ನಡೆದರು. ರಫೀಕನ ಮುಖದ ಬಣ್ಣ ಇಳಿಯಿತು. ಎರಡು ಮೆಟ್ಟಿಲು ಇಳಿದ ಮೇಲೆ ಚಾಚಾ ತಲೆ ಮಾತ್ರ ಮೇಲೆ ಕಾಣುವಂತೆ ನಿಂತು ತೀರ್ಪು ಕೊಟ್ಟರು.

"ದುಕಾನ ಏಳೂತನಕ ನೀ ಕೆಳಗ ಬರಬ್ಯಾಡ. ಬೋರ್ಡಿಗೆ ಹಸರು ಬಣ್ಣ ಇರಲಿ. ಸೀಜನ್ ನಾ ಸಂಬಾಳಸ್ತೀನಿ." ಆಮೇಲೆ ನನ್ನ ಕಡೆ ನೋಡಿದರು. "ವಕೀಲ ಸಾಹೇಬ್ರು ಹೆಂಗೂ ದಿನಾ ಬರ್ತಾರ. ಸಂಜೀಕ ಕೆಳಗ ಕುಂದ್ರಲಿ. ಗಿರಾಕಿ ಕೂಡ ಮಾತಾಡಾಕ ಒಬ್ಬರು ಬೇಕು."

ಈಗ ರಫೀಕ ಮೇಲೆ ಗಾದಿ ಅಂಗಡಿ ಕಟ್ಟುತ್ತಿದ್ದಾನೆ. ಚಾಚಾ ದಿನಕ್ಕೊಮ್ಮೆ ಹೋಗಿ ಹಸಿರು ಇನ್ನೂ ಸ್ವಲ್ಪ ಗಾಢವಾಗಬೇಕು ಎಂದು ಹೇಳಿ ಬರುತ್ತಾರೆ. ಒಂಬತ್ತನೆಯ ಮನೆ ಎದ್ದರೆ ನಮ್ಮದೂ ರಾಜಧಾನಿಯೇ. ನಾನು ಸಂಜೆ ಕೋರ್ಟು ಮುಗಿಸಿ ಬಂದು ಕೆಳಗೆ ಕೂತುಕೊಳ್ಳುತ್ತೇನೆ. ಮೊದಲ ದಿನ ಗಿರಾಕಿಗಳೊಂದಿಗೆ ಅರಳೆ ಮತ್ತು ಫೋಮಿನ ತಾರತಮ್ಯದ ಬಗ್ಗೆ ಚರ್ಚೆಗಿಳಿದೆ; ಇಬ್ಬರು ಗಾದಿ ಕೊಳ್ಳದೆಯೇ ಎದ್ದುಹೋದರು. ಅಂದಿನಿಂದ ಚಾಚಾ ನನಗೊಂದು ವಾಕ್ಯ ಕಲಿಸಿದ್ದಾರೆ, ಅದರಾಚೆ ಹೋಗಕೂಡದೆಂದು ತಾಕೀತು ಮಾಡಿದ್ದಾರೆ. ಯಾರೇ ಬರಲಿ, "ಬರ್ರಿ, ಕುಂದ್ರಿ, ಒತ್ತಿ ನೋಡ್ರಿ," ಎನ್ನುತ್ತೇನೆ. ಸಂಜೆಯಿಡೀ ಅದನ್ನೇ ಹೇಳುತ್ತೇನೆ. ಮೊನ್ನೆ ತಿಕೋಂಡಿಯಿಂದ ಲಗ್ನದ ಗಾದಿಗೆಂದು ಬಂದವರೊಬ್ಬರು ನಾನು ಕುಂದ್ರಿ ಎನ್ನುವಷ್ಟರಲ್ಲೇ ನನ್ನನ್ನು ದಾಟಿ ನೇರ ಚಾಚಾನ ಹತ್ತಿರ ಹೋಗಿಬಿಟ್ಟರು. ವಾಕ್ಯ ಅರ್ಧಕ್ಕೇ ನಿಂತಿತು.

ಅಂದು ಅಂಗಡಿಯ ಬಾಗಿಲು ಹಾಕುವ ಮೊದಲು ಮೇಲೆ ಹೋಗಿ ರಫೀಕನನ್ನು ಸ್ವಲ್ಪ ಆಚೆ ಸರಿಸಿ ಆ ಹಳೆಯ ಆಟವನ್ನು ತೆರೆದೆ. ಕುದುರೆಯಿಂದ ಕೆಳಗಿಳಿದು ರಾಜಧಾನಿಯ ಕಾವಲುಗಾರನ ಮುಂದೆ ನಿಂತೆ. ಹುಷಾರಾಗಿರು ಪಯಣಿಗ ಎಂದು ಅವನು ಶುರು ಮಾಡಿದ. ರಾತ್ರಿ ಕತ್ತಲೆಯಿರುತ್ತದೆ ಎಂಬಲ್ಲಿಗೆ ಬಂದು ಮುಗಿಸುವವರೆಗೂ ನಾನು ಕದಲದೆ ಕೇಳಿಸಿಕೊಂಡೆ.