ಸಿಡುಕಿಗೊಂದು ಹೆಚ್ಚುವರಿ ಭಾಗ

ಮದುವೆಯಾಗದವನ ಕೈಗೆ ಪ್ರೇಮಕಥೆ ಬರೆಯುವ ಕೆಲಸ ಕೊಟ್ಟರೆ ಆಗಬಾರದ್ದೆಲ್ಲ ಆಗುತ್ತದೆ. ಒಮ್ಮೆ ಆಗಿ ನಿಲ್ಲುವುದೂ ಇಲ್ಲ, ಆಗುತ್ತಲೇ ಇರುತ್ತದೆ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ನಾನೇ ಹೇಳಿಕೊಂಡು ತಿರುಗುತ್ತೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ.

ನಾನು ಬಂಟ್ವಾಳದವ. ಒಂದು ಟ್ಯುಟೋರಿಯಲ್ಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದೆ. ಅದು ಮುಚ್ಚಿದ ಮೇಲೆ ಮೂಡುಬಿದಿರೆಯ ಒಂದು ಗೇಮ್ ಕಂಪೆನಿಗೆ ಸೇರಿದೆ. ಗೇಮ್ ಎಂದರೆ ಓಡುವುದು, ಗುಂಡು ಹೊಡೆಯುವುದು ಅಲ್ಲ. ಮೊಬೈಲಿನಲ್ಲಿ ಓದುತ್ತಾ ಹೋಗುವ ಪ್ರೇಮಕಥೆ. ಚಿತ್ರ ಬರುತ್ತದೆ, ಪಾತ್ರಗಳು ಮಾತಾಡುತ್ತವೆ, ನಡುವೆ ಕಥೆ ನಿಂತು, ಈಗ ನೀವು ಏನು ಹೇಳ್ತೀರಿ ಎಂದು ಎರಡು ಮೂರು ಉತ್ತರ ತೋರಿಸುತ್ತದೆ. ಸರಿಯಾದುದನ್ನು ಒತ್ತಿದರೆ ಹುಡುಗಿ ನಗುತ್ತಾಳೆ. ತಪ್ಪಿದರೆ ಹುಡುಗಿಯೂ ಇಲ್ಲ, ಕಥೆಯೂ ಇಲ್ಲ. ಆ ಉತ್ತರಗಳನ್ನು ಬರೆಯುವವ ನಾನು. ಸ್ವಂತ ಜೀವನದಲ್ಲಿ ಒಂದನ್ನೂ ಸರಿಯಾಗಿ ಒತ್ತಿ ಗೊತ್ತಿಲ್ಲದವ.

ಕೆಳಗಿನ ಅಂಗಡಿ

ನಮ್ಮ ಆಫೀಸು ಇರುವುದು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಮೆಟ್ಟಿಲ ಬುಡದಲ್ಲಿ ಒಂದು ಜೆರಾಕ್ಸ್ ಅಂಗಡಿ ಉಂಟು. ಅದನ್ನು ನಡೆಸುವಾಕೆ ಮಡಂತ್ಯಾರು ಕಡೆಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಅವರ ಬಾಯಿಗೆ ಹೆದರದವರು ಪೇಟೆಯಲ್ಲಿ ಕಡಿಮೆ. ಯಾರಾದರೂ ಸ್ವಲ್ಪ ಅರ್ಜೆಂಟ್ ಉಂಟು ಎಂದರೆ, ಅರ್ಜೆಂಟ್ ಇದ್ದವರು ನಿನ್ನೆಯೇ ಬರಬೇಕಿತ್ತು ಎನ್ನುತ್ತಾರೆ. ಕಾಗದ ಮಡಚಿ ತಂದವರಿಗೆ, ಇದೇನು ಕಾಗದವೋ ಎಲೆ ಸುತ್ತಿದ ಪತ್ರೊಡೆಯೋ ಎಂದು ಕೇಳುತ್ತಾರೆ.

ಮೊದಲ ಕಥೆ ಬರೆಯುವಾಗ ಒಂದು ಕಡೆ ನಾಯಕ ಅರ್ಜಿಯ ಪ್ರತಿ ತೆಗೆಸಲು ಹೋಗಬೇಕಿತ್ತು. ಯೋಚಿಸಲು ಪುರುಸೊತ್ತಿಲ್ಲದೆ ಕೆಳಗಿನವರನ್ನು ಇದ್ದ ಹಾಗೆ ಎತ್ತಿ ಕಥೆಯೊಳಗೆ ಇಟ್ಟೆ. ಮುಖ್ಯ ನಾಯಕಿಗೆ ನಾನು ಪಟ್ಟ ಕಷ್ಟ ನನಗೇ ಗೊತ್ತು. ಮಲ್ಲಿಗೆ ಮುಡಿಸಿದೆ, ಸಂಗೀತ ಕಲಿಸಿದೆ, ಮಾತುಮಾತಿಗೂ ಕಣ್ಣು ತುಂಬಿಸಿದೆ. ಕಥೆ ಹೊರಬಂದ ಮೇಲೆ ನೋಡಿದರೆ ಆಡಿದವರಲ್ಲಿ ಒಬ್ಬರೂ ಆಕೆಯನ್ನು ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ, ಆ ಸಿಡುಕಿಯನ್ನು ಒಲಿಸುವ ದಾರಿ ಯಾಕೆ ಇಲ್ಲ ಅಂತ.

ನಮ್ಮ ಕಂಪೆನಿಯ ಧನಿ ಗಲ್ಫಿನಿಂದ ವಾಪಸು ಬಂದ ಬ್ಯಾರಿ ಯುವಕ, ವ್ಯಾಪಾರ ಗೊತ್ತಿರುವವರು. ಆಕೆಗೇ ಒಂದು ಹೆಚ್ಚುವರಿ ಭಾಗ ಮಾಡುವ ಎಂದರು. ಬೇಸರ ಮಾಡಬೇಡಿ ಮಾಷ್ಟ್ರೇ, ನಿಮ್ಮ ನಾಯಕಿ ಯಾರಿಗೂ ಬೇಡವಂತೆ, ಎಲ್ಲರಿಗೂ ಜೆರಾಕ್ಸಿನವಳೇ ಬೇಕಂತೆ ಎಂದು ಸಮಾಧಾನ ಬೇರೆ ಹೇಳಿದರು.

ನನಗೆ ಎಲ್ಲಿಯ ಬೇಸರ. ನನಗೂ ಅವರೇ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ದಿನಾ ಏನಾದರೊಂದು ನೆಪ ಮಾಡಿಕೊಂಡು ಆ ಅಂಗಡಿಗೆ ಹೋಗುತ್ತಿದ್ದೆ. ನಮ್ಮ ಮನೆಯ ಕಪಾಟಿನಲ್ಲಿ ನನ್ನ ಆಧಾರ್ ಕಾರ್ಡಿನ ಪ್ರತಿ ಒಂದು ಕಟ್ಟು ಉಂಟು.

ಸಿದ್ಧಕಟ್ಟೆಯಲ್ಲಿ ಇಳಿದವರು

ಹೆಚ್ಚುವರಿ ಭಾಗ ಬರೆಯಲು ಕೂತಾಗ ನನ್ನ ತಲೆಯಲ್ಲಿ ಒಂದು ಲೆಕ್ಕಾಚಾರ ಇತ್ತು. ಸಿಡುಕಿಯ ಮನಸ್ಸು ಗೆಲ್ಲುವುದು ಹೇಗೆಂದು ಕಥೆಯಲ್ಲಿ ಕಂಡುಹಿಡಿದರೆ, ಅದನ್ನೇ ಕೆಳಗಿನ ಅಂಗಡಿಯಲ್ಲಿ ಹೇಳಿದರಾಯಿತು. ಕಂಪೆನಿಯ ಸಂಬಳದಲ್ಲಿ ಸ್ವಂತ ಕೆಲಸ. ಹಾಗಾಗಿ ಹಗಲಿಡೀ ಅದೇ ಧ್ಯಾನ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಧನಿಯ ಫೋನ್ ಬಂತು. ಬಸ್ಸಿನ ಗದ್ದಲಕ್ಕೆ ನಾನೂ ದೊಡ್ಡ ಸ್ವರದಲ್ಲಿಯೇ ವಿವರಿಸಿದೆ. ಮೊದಲನೆಯವಳನ್ನು ಬಿಟ್ಟುಬಿಡುವ, ಅವಳು ಅಳುತ್ತಾಳೆ, ಅಳಲಿ. ಇವಳು ಸಿಡುಕಿ, ಸುಲಭದಲ್ಲಿ ಬಗ್ಗುವುದಿಲ್ಲ. ಮೊದಲು ತಾಯಿಯನ್ನು ಒಲಿಸಬೇಕು. ತಾಯಿ ಒಪ್ಪದಿದ್ದರೆ ಬೇರೆ ದಾರಿ ನಾನು ಮಾಡಿ ಇಟ್ಟಿದ್ದೇನೆ. ಹೀಗೆಲ್ಲ ಹೇಳಿ ಫೋನ್ ಇಟ್ಟಾಗ ಬಸ್ಸಿನಲ್ಲಿ ಇಂಜಿನ್ ಒಂದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿನ ಸೀಟಿನ ಹೆಂಗಸು ತನ್ನ ಮಗಳನ್ನು ಕಿಟಕಿಯ ಬದಿಗೆ ಸರಿಸಿ ಕೂರಿಸಿದರು.

ಪಕ್ಕದಲ್ಲಿ ಬಿಳಿ ಮುಂಡು ಉಟ್ಟ ಒಬ್ಬರು ಹಿರಿಯರು ಅಷ್ಟೂ ಹೊತ್ತು ತಲೆಯಾಡಿಸುತ್ತಾ ಕೇಳಿದ್ದರು. ಸಿದ್ಧಕಟ್ಟೆ ಬಂದಾಗ ಎದ್ದು, ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಆ ಎರಡನೆಯದ್ದು ಬೇಡ ಮಾರಾಯ. ಸಿಡುಕಿ ಅಂತ ನೀನೇ ಹೇಳ್ತಿ. ನಿನ್ನ ಪ್ರಾಯಕ್ಕೆ ಮೊದಲನೆಯದ್ದು ಸಿಕ್ಕಿದ್ದೇ ದೊಡ್ಡದು."

ಬೇಡ, ಈಗ ಕುಡಿದು ಬಂದದ್ದು

ತಾಯಿಯನ್ನು ಒಲಿಸುವ ಪ್ರಸಂಗವನ್ನು ನಾನು ಬಹಳ ಮನಸ್ಸಿಟ್ಟು ಬರೆದೆ. ನಾಯಕ ಸಿಡುಕಿಯ ಮನೆಗೆ ಹೋಗುತ್ತಾನೆ. ಆಕೆಯ ಅಮ್ಮ, ಕುಡಿಯಲಿಕ್ಕೆ ಎಂಥ ಮಾಡುವ ಎಂದು ಕೇಳುತ್ತಾರೆ. ಉತ್ತರ ಮೂರು: ಕಾಫಿ, ಚಹಾ, ಏನೂ ಬೇಡ. ಬೇಡ ಎಂದರೆ ಆ ಮನೆಗೆ ಅವಮಾನ, ಸಿಡುಕಿ ಎದ್ದು ಒಳಗೆ ಹೋಗುತ್ತಾಳೆ, ಕಥೆ ಮುಗಿಯಿತು. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸಬಾರದು ಎಂಬ ದೊಡ್ಡ ತತ್ತ್ವ ಅದರೊಳಗೆ ಇಟ್ಟಿದ್ದೆ.

ಹೊರಗೆ ಬಿಡುವ ಮೊದಲು ಊರವರಿಗೆ ಆಡಿಸಿ ನೋಡುವುದು ನಮ್ಮ ಕ್ರಮ. ಧನಿಯ ಮನೆಯವರು, ಬಟ್ಟೆ ಅಂಗಡಿಯವರು, ಧನಿಯ ಬೆಳ್ತಂಗಡಿ ಸ್ನೇಹಿತರು, ಎಲ್ಲರ ಮೊಬೈಲಿಗೆ ಹಾಕಿ ಕೊಟ್ಟೆವು. ಸಂಜೆಯೊಳಗೆ ಎಲ್ಲರೂ ಸೋತು ಬಂದರು. ಎಲ್ಲರೂ ಅದೇ ಮನೆಯ ಜಗಲಿಯಲ್ಲಿ, ಅದೇ ಪ್ರಶ್ನೆಗೆ. ಪ್ರೋಗ್ರಾಮಿನದ್ದೇ ದೋಷ ಎಂದು ಧನಿ ರಿಪೇರಿಗೆ ಹೊರಟರು.

ನಾನು ಮನೆಗೆ ಬಂದು ಅಮ್ಮನ ಕೈಗೆ ಮೊಬೈಲ್ ಕೊಟ್ಟೆ. ಅಮ್ಮ ಕನ್ನಡಕ ಹಾಕಿ ಓದಿದರು, ಹಿಂದೆಮುಂದೆ ನೋಡದೆ ಬೇಡ ಎಂಬುದನ್ನೇ ಒತ್ತಿದರು. ಯಾಕಮ್ಮ ಎಂದೆ. ಕೇಳಿದ ಕೂಡಲೇ ಕಾಫಿ ಎನ್ನಲಿಕ್ಕೆ ಅವನೇನು ಹೋಟೆಲಿಗೆ ಹೋದದ್ದಾ, ಮೊದಲು ಬೇಡ, ಈಗ ಕುಡಿದು ಬಂದದ್ದು ಎನ್ನಬೇಕು, ಅವರು ಮತ್ತೆ ಕೇಳಬೇಕು, ಆಮೇಲೆ ಸ್ವಲ್ಪವೇ ಸಾಕು ಎನ್ನಬೇಕು ಎಂದರು. ನಾನೂ ಹುಟ್ಟಿದ ಲಾಗಾಯ್ತು ಹಾಗೆಯೇ ಹೇಳಿಕೊಂಡು ಬಂದವ. ಬರೆಯುವಾಗ ಮಾತ್ರ ನೆನಪಾಗಲಿಲ್ಲ. ಅಮ್ಮ ಮೊಬೈಲ್ ವಾಪಸು ಕೊಡುತ್ತಾ, ಇಷ್ಟೂ ಗೊತ್ತಿಲ್ಲದ ಕಾರಣವೇ ನಿನಗೆ ಹುಡುಗಿ ನೋಡಲು ಹೋದಲ್ಲೆಲ್ಲ ಬರೀ ಕಾಫಿ ಕುಡಿದು ಬಂದದ್ದು ಎಂದರು.

ಸೀರೆಗಳ ನಡುವೆ

ಸಿಡುಕಿಯ ಪಾತ್ರಕ್ಕೆ ಧ್ವನಿ ಕೊಡಲು ಮಂಗಳೂರಿನಿಂದ ಒಬ್ಬಾಕೆ ಬಂದರು. ಸ್ವರ ಜೇನಿನ ಹಾಗಿತ್ತು, ಅದೇ ತೊಂದರೆ. ಅವರು ಬೈದರೆ ಇನ್ನೊಮ್ಮೆ ಬೈಯಿರಿ ಅನ್ನಿಸುತ್ತಿತ್ತು. ಧನಿ ತಲೆಗೆ ಕೈಯಿಟ್ಟು ಕೂತಿದ್ದಾಗ ಕೆಳಗಿನಿಂದ ಜೆರಾಕ್ಸಿನವರ ಸ್ವರ ಮೇಲೆ ಬಂತು. ಯಾರೋ ಪಾಪದವರು ಮಳೆಗೆ ನೆನೆದ ಪಹಣಿ ಪತ್ರ ತಂದಿದ್ದರು. ಗಿರಾಕಿಯ ಕಥೆ ಮುಗಿಯುವವರೆಗೆ ಧನಿ ಉಸಿರು ಬಿಗಿಹಿಡಿದು ಕೇಳಿದರು. ಇದೇ ಮಾಷ್ಟ್ರೇ ಇದೇ ಎನ್ನುತ್ತಾ ಮೆಟ್ಟಿಲು ಇಳಿದರು.

ನಾನು ಮೆಟ್ಟಿಲ ತುದಿಯಲ್ಲಿ ನಿಂತು ಕಿವಿಗೊಟ್ಟೆ. ತನ್ನನ್ನೇ ನೋಡಿ ಬರೆದದ್ದನ್ನು ಆಕೆ ತನ್ನ ಬಾಯಿಂದಲೇ ಓದಬೇಕು. ಗೊತ್ತಾದರೆ ಮತ್ತೆ ಆ ಅಂಗಡಿಯ ಕಡೆ ತಲೆ ಹಾಕುವ ಹಾಗಿಲ್ಲ. ಒಪ್ಪದಿರಲಿ ಎಂದು ಗೊತ್ತಿರುವ ದೈವಗಳಿಗೆಲ್ಲ ಹೇಳಿಕೊಂಡೆ. ಆಕೆ ಧನಿಯ ಮಾತೆಲ್ಲ ಕೇಳಿ, ಬೈಯಲಿಕ್ಕೆ ದುಡ್ಡು ಕೊಡ್ತೀರಾ, ನಾನು ಇಷ್ಟು ದಿನ ಧರ್ಮಕ್ಕೆ ಬೈದದ್ದಲ್ಲವಾ ಎಂದು ಮರುದಿನವೇ ಬಂದರು.

ರೆಕಾರ್ಡಿಂಗ್ ನಡೆದದ್ದು ಬಟ್ಟೆ ಅಂಗಡಿಯ ಗೋದಾಮಿನಲ್ಲಿ. ಸುತ್ತ ಸೀರೆಯ ಕಟ್ಟುಗಳಿದ್ದರೆ ಸ್ವರ ಪ್ರತಿಧ್ವನಿಸುವುದಿಲ್ಲ. ರೆಕಾರ್ಡ್ ಮಾಡಲಿಕ್ಕೆ ಧನಿ, ಎದುರಿನ ಮಣೆಯ ಮೇಲೆ ನಾನು, ತಪ್ಪು ಹೇಳಿದರೆ ತಿದ್ದಲಿಕ್ಕೆ. ಯಾರು ಯಾರನ್ನು ತಿದ್ದಿದ್ದು ಎಂದು ಕೇಳಬೇಡಿ. ಕಥೆಯ ಕೊನೆಗೆ ಸಿಡುಕಿ ಮನಸ್ಸು ಬಿಚ್ಚುವ ಮಾತನ್ನು ನಾನು ಒಂದು ಪುಟ ಬರೆದಿದ್ದೆ. ಚಂದ್ರ ಇದ್ದ, ಕಡಲು ಇತ್ತು, ಜನ್ಮಜನ್ಮಾಂತರ ಇತ್ತು. ಆಕೆ ಅದನ್ನು ಓದಿ, ಕಾಗದ ಮಡಿಲಲ್ಲಿಟ್ಟು, ಇದು ಶಾಲೆಯ ವಾರ್ಷಿಕೋತ್ಸವದ ಭಾಷಣವಾ ಎಂದು ಕೇಳಿದರು.

ಹಾಗಾದರೆ ನೀವಾದರೆ ಏನು ಹೇಳ್ತೀರಿ ಎಂದೆ. ಈ ಪ್ರಶ್ನೆ ಕಥೆಗೆ ಬೇಕಾಗಿ ಕೇಳಿದ್ದಲ್ಲ ಎಂದು ನನ್ನ ಎದೆಗೆ ಗೊತ್ತಿತ್ತು. ಆಕೆ, ನಾನು ಎಂಥ ಹೇಳುವುದು, ಬಂದ್ರಾ, ಛತ್ರಿ ಹೊರಗೆ ಇಡಿ, ನೆಲ ಒದ್ದೆ ಆಗ್ತದೆ ಎನ್ನುತ್ತೇನೆ ಎಂದರು. ಹಾಗೆ ಹೇಳುವಾಗ ಅವರ ಸ್ವರ ಅದೆಷ್ಟು ಮೆತ್ತಗಾಯಿತೆಂದರೆ, ಧನಿ ಅದನ್ನೇ ಇಡುವ ಎಂದರು. ನನ್ನ ಚಂದ್ರ, ಕಡಲು ಎರಡೂ ಕಸದ ಬುಟ್ಟಿಗೆ ಹೋದವು. ಹೋಗುವಾಗ ಆಕೆ ತಿರುಗಿ, ಇಂಥ ಜೋರಿನ ಹೆಂಗಸನ್ನು ನೀವು ಎಲ್ಲಿ ಕಂಡದ್ದು ಎಂದು ವಿಚಾರಿಸಿದರು. ಎಲ್ಲ ಕಲ್ಪನೆ ಎಂದೆ. ಅವರು, ಪುಣ್ಯ, ನಿಜವಾಗಿ ಇದ್ದಿದ್ದರೆ ನೀವು ಬದುಕಿರ್ತಿರಲಿಲ್ಲ ಎಂದು ಹೋದರು.

ಬಳಿ ಯಾವುದು

ಹೆಚ್ಚುವರಿ ಭಾಗ ಹೊರಬಂತು. ಜನ ಹುಚ್ಚೆದ್ದು ಆಡಿದರು. ಕಥೆಯ ಸಿಡುಕಿಯನ್ನು ಎಲ್ಲೆಲ್ಲಿಯದೋ ಹುಡುಗರು ಒಲಿಸಿಕೊಂಡರು, ಅವಳನ್ನು ಬರೆದ ನಾನು ಮಾತ್ರ ಕೆಳಗಿನ ಅಂಗಡಿಯಲ್ಲಿ ಬಾಯಿ ಬರದೆ ನಿಲ್ಲುತ್ತಿದ್ದೆ. ಇವತ್ತು ಹೇಳುವುದೇ ಸರಿ ಎಂದು ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಹೋದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಾತು ತೆಗೆದರು.

"ಆ ಜೆರಾಕ್ಸಿನವಳು ನಾನೇ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು ಮಾಷ್ಟ್ರೇ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಯಂತ್ರದ ಮುಚ್ಚಳ ಹಾಕಿ, ನನ್ನ ಕಡೆ ನೋಡದೆ, ನಿಮ್ಮದು ಯಾವ ಬಳಿ ಎಂದು ಕೇಳಿದರು.

ಬೇರೆ ಊರಿನವರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲಕ್ಕೆ ಬಳಿ ಎನ್ನುತ್ತಾರೆ, ತುಳುವಿನಲ್ಲಿ ಬರಿ. ಒಂದೇ ಬಳಿಯವರು ಅಣ್ಣತಂಗಿಯರು, ಮದುವೆ ಆಗುವ ಹಾಗಿಲ್ಲ. ಅದಕ್ಕೆ ಸಂಬಂಧದ ಮಾತು ಎತ್ತುವ ಮೊದಲು ಎಲ್ಲಕ್ಕಿಂತ ಮುಂಚೆ ಕೇಳುವ ಪ್ರಶ್ನೆ ಇದು. ಅಂದರೆ ಒಂದು ಹೆಣ್ಣು ತಾನಾಗಿ ಬಾಯಿಬಿಟ್ಟು ನಿಮ್ಮ ಬಳಿ ಯಾವುದು ಎಂದು ಕೇಳಿದರೆ, ಅದಕ್ಕಿಂತ ದೊಡ್ಡ ಮಾತು ಚಂದ್ರನನ್ನು ಕರೆಸಿದರೂ ಬರೆಯಲಿಕ್ಕಾಗುವುದಿಲ್ಲ. ನನ್ನ ಕಿವಿಯೊಳಗೆ ವಾಲಗ ಊದಿದ ಹಾಗಾಯಿತು. ಅಮ್ಮನಿಗೆ ಹೇಗೆ ಹೇಳುವುದು, ಮದುವೆಗೆ ಹಾಲ್ ಯಾವುದು ಹಿಡಿಯುವುದು ಎಂಬಲ್ಲಿಯವರೆಗೆ ಹೋಗಿ ಬಂದು, ಎದೆಯುಬ್ಬಿಸಿ ನನ್ನ ಬಳಿಯ ಹೆಸರು ಹೇಳಿದೆ.

"ನಾನು ಎಣಿಸಿದ್ದು ಸರಿಯಾಯ್ತು," ಎಂದರು ಆಕೆ. "ನಮ್ಮದೂ ಅದೇ."

ಸುಳ್ಳು ಯಾಕೆ, ನಿಜವಾಗಿ ಬೇಸರವಾಯಿತು. ಅವರು ಮಾತ್ರ ದೊಡ್ಡ ಭಾರ ಇಳಿದವರ ಹಾಗೆ ಮಾತಾಡುತ್ತಾ ಹೋದರು. ಆದಿತ್ಯವಾರ ವಿಟ್ಲದಿಂದ ಹುಡುಗನ ಕಡೆಯವರು ನೋಡಲು ಬರುತ್ತಾರಂತೆ. ಸೋದರಮಾವ ದುಬೈಯಲ್ಲಿ, ರಜೆ ಸಿಗಲಿಲ್ಲ, ಸ್ವಂತ ಅಣ್ಣ ಇಲ್ಲ. ಬಳಿಯ ಗಂಡಸರು ಅಂತ ಒಬ್ಬರಾದರೂ ಜಗಲಿಯಲ್ಲಿ ಕೂತಿರಬೇಕಲ್ಲ. ನೀವು ಬರಬೇಕು ಅಣ್ಣ ಎಂದರು. ಅಷ್ಟು ಮೆತ್ತಗೆ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ಹೋದೆ. ಇಸ್ತ್ರಿ ಹಾಕಿದ ಅಂಗಿ, ಬಿಳಿ ಪಂಚೆ. ಹುಡುಗ ಒಳ್ಳೆಯವನೇ, ಅದೂ ನನಗೆ ಸಂಕಟ. ಒಂದು ಕುಂದು ಸಿಗಲಿ ಎಂದು ಮೇಲಿಂದ ಕೆಳಗೆ ನೋಡಿದೆ, ಸಿಗಲಿಲ್ಲ. ಹುಡುಗನ ಮಾವ ನನ್ನ ಉದ್ಯೋಗ ವಿಚಾರಿಸಿದರು. ಹುಡುಗಿಯರನ್ನು ಒಲಿಸುವುದು ಹೇಗೆಂದು ಬರೆಯುವ ಕೆಲಸ ಎಂದು ಬಿಡಿಸಿ ಹೇಳಿದೆ. ಅವರಿಗೆ ಬಹಳ ಗೌರವ ಬಂತು. ಹಾಗಾದರೆ ನಿಮ್ಮದು ಲವ್ ಮ್ಯಾರೇಜೇ ಇರಬೇಕು ಎಂದು ಕೇಳಿದರು.

ಅಷ್ಟರಲ್ಲಿ ಆಕೆ ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆ ಇಡುತ್ತಾ ನನ್ನ ಪರವಾಗಿ ಅವರೇ ಹೇಳಿದರು: "ಅಣ್ಣನದ್ದು ಇನ್ನೂ ಬರೆಯುವುದರಲ್ಲೇ ಉಂಟು."

ಹುಡುಗ ನಕ್ಕುಬಿಟ್ಟ. ಅವನು ನಕ್ಕದ್ದು ಕಂಡು ಆಕೆಯೂ ನಕ್ಕರು. ನಾನು ಮಾಳಿಗೆಯಲ್ಲಿ ಕೂತು ಅಷ್ಟು ಬರೆದರೂ ಬಾರದ ಆ ನಗು, ನನ್ನ ಪಕ್ಕದ ಕುರ್ಚಿಯವನಿಗೆ ಬಂತು. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು, ಅಣ್ಣನ ಸ್ಥಾನದಲ್ಲಿ ನಿಂತು ವೀಳ್ಯ ಕೊಟ್ಟವನೂ ನಾನೇ.