ಕುರ್ಚಿ ಏರಿದ ಮೈಕು

ಬನ್ನಿ, ಕೂತ್ಕೊಂಡು ಸಮಾಧಾನವಾಗಿ ಕೇಳಿ. ಎಲ್ಲಿ ಬೇಕಾದರೂ ಕೂರಿ, ಕಿಟಕಿ ಪಕ್ಕದ ಆ ಬೆತ್ತದ ಕುರ್ಚಿ ಒಂದನ್ನು ಬಿಟ್ಟು. ಅದರಲ್ಲಿ ಮೈಕು ಕೂತಿದೆ. ನಮ್ಮ ಮನೆಯಲ್ಲಿ ಸರಿಯಾಗಿ ಕಿವಿ ಕೇಳುವುದು ಅದೊಂದಕ್ಕೇ ಎಂದು ಆದೇಶವಾಗಿದೆ.

ನನ್ನ ಅಳಿಯ ದೊಡ್ಡ ಕಚೇರಿಯಲ್ಲಿ ಮೇಲ್ವಿಚಾರಕ. ಸೀನು ಬಂದರೂ ಸುತ್ತೋಲೆ ಹೊರಡಿಸಿಯೇ ಸೀನುವ ಮನುಷ್ಯ. ಆತ ನನ್ನೆತ್ತರದ ಎರಡು ಸ್ಪೀಕರು ತಂದು ಹಜಾರದಲ್ಲಿ ನಿಲ್ಲಿಸಿ ಹಾಡು ಹಾಕಿದ. ಚೆನ್ನಾಗಿತ್ತು. ಚೆನ್ನಾಗಿದೆ ಅಂತ ನಾನು ಬಾಯಿ ಬಿಟ್ಟೆ ನೋಡಿ, ಅಲ್ಲಿಗೆ ಕೆಟ್ಟಿತು.

"ಅತ್ತೆ, ಚೆನ್ನಾಗಿದೆ ಅನ್ನೋಕೆ ಆಧಾರ ಏನು? ಅಳೀಬೇಕು."

ಅಳೆಯಲು ಕಡ್ಡಿಯಂಥ ಮೈಕು ಬಂತು. ಅದು ಕೂತವರ ಕಿವಿಯ ಎತ್ತರಕ್ಕೇ ಇರಬೇಕಂತೆ. ಅದಕ್ಕೆ ಹೊಂದಿದ್ದು ನನ್ನ ಕುರ್ಚಿ. ನನ್ನ ಸೊಂಟನೋವಿಗೆ ಒಗ್ಗಿದ್ದೂ ಅದೊಂದೇ.

"ಅಳತೆ ಮುಗಿಯೋವರೆಗೆ ಅಷ್ಟೆ, ಅತ್ತೆ. ತಾತ್ಕಾಲಿಕ ವ್ಯವಸ್ಥೆ."

ನಾನು ಬಕೆಟ್ ಬೋರಲು ಹಾಕಿ ಕೂತೆ.

ಕಂಪ್ಯೂಟರು ಗುಂಯ್‌ಗುಟ್ಟಿದರೆ ಅಳತೆ ಕೆಡುತ್ತದೆಂದು ಅದನ್ನು ಅಡುಗೆಮನೆಯಲ್ಲಿಟ್ಟು, ಮೈಕಿನಿಂದ ಅಲ್ಲಿಗೆ ಉದ್ದನೆ ವೈರು ಎಳೆದ. ಸ್ಪೀಕರುಗಳು ಗೊರಕೆಯಿಂದ ಹಿಡಿದು ಸಿಳ್ಳಿನವರೆಗೆ ಒಂದೇ ಉಸಿರಿಗೆ ಕೂಗಿದವು. ಕಂಪ್ಯೂಟರಿನ ಮೇಲೆ ಗೆರೆ ಮೂಡಿತು, ಅಳಿಯನ ಮುಖ ಇಳಿಯಿತು. ತೆಳ್ಳನೆ ದನಿಗಳು ಮಂಗಮಾಯ; ದಪ್ಪ ದನಿಯ ಕಡೆ ಒಂದು ಗುಡ್ಡ.

ಕೂಡಲೇ ಒಂದು ಸುತ್ತೋಲೆ ಬರೆದು ಗಟ್ಟಿಯಾಗಿ ಓದಿದ: "ಮೆತ್ತಗಿರುವ ಸಮಸ್ತ ವಸ್ತುಗಳೂ ಶಬ್ದ ನುಂಗುವ ಶಂಕೆಗೆ ಒಳಪಟ್ಟಿರುವುದರಿಂದ, ಕೂಡಲೇ ಹಜಾರವನ್ನು ತೆರವುಗೊಳಿಸತಕ್ಕದ್ದು."

ಪರದೆ ಹೋಯಿತು, ಜಮಖಾನೆ ಹೋಯಿತು, ದಿಂಬುಗಳು ಹೋದವು. ನಮ್ಮ ಯಜಮಾನರ ಮೈಮೇಲಿನ ಸ್ವೆಟರೂ ಹೋಯಿತು. ಗೆರೆ ಜಪ್ಪಯ್ಯ ಅನ್ನಲಿಲ್ಲ. ಗುಡ್ಡಕ್ಕೆ ಅವರ ಕೆಮ್ಮೇ ಕಾರಣವಿರಬಹುದೆಂದು, ಕೆಮ್ಮುವವರು ಮುಂಚಿತವಾಗಿ ತಿಳಿಸಿ ಅಂಗಳದಲ್ಲಿ ಕೆಮ್ಮತಕ್ಕದ್ದೆಂದಾಯಿತು. ಸ್ವೆಟರಿಲ್ಲದೆ ಅಂಗಳದಲ್ಲಿ ನಿಂತ ಮನುಷ್ಯನಿಗೆ ಕೆಮ್ಮು ಹೆಚ್ಚಿತು. ಗುಡ್ಡ ಮಾತ್ರ ಕರಗಲಿಲ್ಲ.

"ನನ್ನ ಕುರ್ಚಿ ಏನಾಯ್ತಪ್ಪ?"

"ಪರಿಶೀಲನೆಯಲ್ಲಿದೆ, ಅತ್ತೆ."

ಹೀಗಿರಲು, ಅಡುಗೆಮನೆಯಲ್ಲಿ ನನ್ನ ಮಗಳ ಕೈಯಿಂದ ತಟ್ಟೆ ಜಾರಿತು.

"ರೀ, ಬನ್ನಿ ಇಲ್ಲಿ! ತಟ್ಟೆ ಬಿದ್ದಿದ್ದು ಇಲ್ಲಿ, ಗೆರೆ ಹೆಂಗೆ ಹಾರ್ತು ನೋಡಿ! ಅಪ್ಪಾ, ಆ ಮೈಕಿನ ತಲೆಗೆ ಒಂದು ಕುಟ್ಟು!"

ಯಜಮಾನರು ಬಹಳ ದಿನದ ಆಸೆ ತೀರುವಂತೆ ಕುಟ್ಟಿದರು. ಗೆರೆ ಮಿಸುಕಲಿಲ್ಲ.

ವಿಷಯ ಇಷ್ಟೇ. ವೈರು ಚುಚ್ಚಿದ ಅಳಿಯ, ಇನ್ನು ಈ ಮೈಕಿನಿಂದ ಕೇಳು ಅಂತ ಕಂಪ್ಯೂಟರಿಗೆ ಹೇಳುವುದನ್ನೇ ಮರೆತಿದ್ದ. ಅದು ತನ್ನೊಳಗೇ ಇರುವ ಪುಟ್ಟ ಮೈಕಿನ ಕಿವಿಯಲ್ಲಿ ಅಡುಗೆಮನೆಯನ್ನು ಕೇಳುತ್ತ ಕೂತಿತ್ತು. ತೆಳ್ಳನೆ ದನಿ ನುಂಗಿದ್ದು ನಡುವಿನ ಗೋಡೆ. ಗುಡ್ಡ ಅಲ್ಲೇ ಗುಂಯ್‌ಗುಡುವ ನಮ್ಮ ಫ್ರಿಜ್ಜು.

"ಅಳತೆ ಸುಳ್ಳಾಯ್ತಲ್ಲ, ಇನ್ನು ಕುರ್ಚಿ ಕೊಡು."

"ಅಳತೆ ಸುಳ್ಳಲ್ಲ ಅತ್ತೆ, ಜಾಗ ತಪ್ಪು. ವರದಿ ಆಗಿಹೋಗಿದೆ, ಅದನ್ನ ತಿದ್ದೋಕಾಗಲ್ಲ. ಮನೇನ ತಿದ್ದಬಹುದು."

ಆದೇಶವಾಯಿತು: "ಇನ್ನು ಮುಂದೆ ಅಡುಗೆಮನೆಯನ್ನು ಹಜಾರವೆಂದೂ ಹಜಾರವನ್ನು ಅಡುಗೆಮನೆಯೆಂದೂ ತಿಳಿಯತಕ್ಕದ್ದು." ಒಲೆ ಇತ್ತ ಬಂತು, ಸೋಫಾ ಅತ್ತ ಹೋಯಿತು. ಸ್ಪೀಕರು ಭಾರವೆಂದು ಇದ್ದಲ್ಲೇ ಉಳಿದವು.

ಈಗ ಎಲ್ಲರೂ ಸುಖವಾಗಿದ್ದೇವೆ. ಮಗಳು ಫ್ರಿಜ್ಜಿನ ಪಕ್ಕ ಸೋಫಾದಲ್ಲಿ ಕೂತು, ಗೋಡೆಯಾಚೆಯ ಹಾಡು ಕೇಳಿ, "ಗೆರೆಯಲ್ಲಿ ಇದ್ದ ಹಾಗೇ ಇದೆ" ಅನ್ನುತ್ತಾಳೆ. ಯಜಮಾನರಿಗೆ ಸ್ವೆಟರು ಮರಳಿದೆ. ಅಂಗಳಕ್ಕೆ ಹೋಗದಿದ್ದರೆ ಅವರಿಗೀಗ ಕೆಮ್ಮೇ ಬರುವುದಿಲ್ಲ. ಅಳಿಯನ ಕಚೇರಿಯವರು ಬಂದು ನೋಡಿ ತಲೆದೂಗಿ, ಇಡೀ ಕಚೇರಿಯನ್ನು ಅಳೆಯುವ ಹೊಣೆಯನ್ನು ಅವನಿಗೇ ವಹಿಸಿದ್ದಾರೆ. ನಾನು ಎರಡು ಸ್ಪೀಕರಿನ ಎದುರು ಒಲೆ ಮುಂದೆ ನಿಂತಿರುತ್ತೇನೆ. ಮನೆಯಲ್ಲಿ ಹಾಡು ಚೆನ್ನಾಗಿ ಕೇಳುವುದು ಇಲ್ಲೊಂದೇ ಕಡೆ. ಬಾಯಿ ಮಾತ್ರ ಬಿಡುವುದಿಲ್ಲ.

ಮೈಕು? ಬಂದಾಗಿನಿಂದ ಒಂದು ಶಬ್ದವನ್ನೂ ಕೇಳದೆ ಕುರ್ಚಿಯಲ್ಲೇ ಇದೆ. ಮೊನ್ನೆ ಅಳಿಯನನ್ನು ವಿಚಾರಿಸಿದೆ.

"ಅದು ಏನೂ ತಪ್ಪು ಮಾಡಿಲ್ಲವಲ್ಲ ಅತ್ತೆ. ಯಾವ ಆಧಾರದ ಮೇಲೆ ಎಬ್ಬಿಸಲಿ?"

ಅದೂ ನಿಜವೇ. ನನ್ನ ಬಕೆಟ್ಟಿಗೆ ಒಂದು ದಿಂಬು ಮಂಜೂರಾಗಿದೆ.